ಓದಲಿಕ್ಕೆ ಇಂಗ್ಲೆಂಡಿಗೆ ಹೊರಟು, ಕೋವಿಡ್ ಲಸಿಕೆ ಇಲ್ಲಿ ಹಾಕಿಸಲಾ, ಅಲ್ಲಿ ಬಂದು ಹಾಕಿಸಲಾ ಅಂತ ಕೇಳಿದ ತಮ್ಮನಿಗೆ (ಕೊವೆಂಟ್ರಿಯಿಂದ, ಜುಲೈ 2021)

ತಮ್ಮಾ, ನಿನ್ನ ಉದ್ದದ ಮೆಸೇಜು ಓದಿದೆ. ಬಾಡಿಗೆ ಎಷ್ಟು, ಚಳಿ ಎಷ್ಟು, ಪಾರ್ಟ್ ಟೈಮ್ ಕೆಲಸ ಸಿಗುತ್ತಾ, ಕುಚ್ಚಲಕ್ಕಿ ಸಿಗುತ್ತಾ ಅಂತೆಲ್ಲ ಕೇಳಿ, ಕೊನೆಯಲ್ಲಿ ಏನೋ ನೆನಪಾಯಿತು ಅನ್ನೋ ಹಾಗೆ ಲಸಿಕೆ ವಿಷಯ ಎತ್ತಿದ್ದೀಯ. ನಿಮ್ಮಪ್ಪ ಬೇಡ ಅನ್ನುತ್ತಾರೆ, ನಿಮ್ಮಮ್ಮ ಹಾಕಿಸಿಕೊಂಡೇ ಹೊರಡು ಅನ್ನುತ್ತಾರೆ, ಫ್ರೆಂಡ್ಸು ಅಲ್ಲಿಗೇ ಹೋಗಿ ಫೈಜರ್ ಹಾಕಿಸ್ಕೋ ಅನ್ನುತ್ತಾರೆ, ನೀನು ಮಾತ್ರ ‘ಇನ್ನೊಂದು ಸ್ವಲ್ಪ ದಿನ ನೋಡೋಣ ಅಂತಿದೀನಿ ಅಕ್ಕಾ’ ಅಂತ ಬರೆದಿದ್ದೀಯ. ನಿಜವಾಗಿ ಕೇಳಬೇಕು ಅಂತ ಇದ್ದದ್ದು ಇದನ್ನೇ, ಅಲ್ವಾ?

ಬೇರೆಯದ್ದನ್ನು ಬೇಗ ಮುಗಿಸುತ್ತೇನೆ. ಕುಚ್ಚಲಕ್ಕಿ ಫೋಲ್ಸ್‌ಹಿಲ್ ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ, ಹೊತ್ತು ತರಬೇಡ. ಓದುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಅದನ್ನು ನಂಬಿಕೊಂಡು ಬಾಡಿಗೆ ಲೆಕ್ಕ ಹಾಕಬೇಡ. ಕೊಪ್ಪದ ಮಳೆ ನೋಡಿದವನಿಗೆ ಇಲ್ಲಿಯ ಮಳೆ ಮಳೆಯೇ ಅಲ್ಲ, ಆದರೆ ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ನನಗೆ ಹದಿನೈದು ವರ್ಷವಾದರೂ ಅದಿನ್ನೂ ಅಭ್ಯಾಸ ಆಗಿಲ್ಲ.

ಈಗ ಲಸಿಕೆಗೆ ಬರೋಣ. ನೀನು ಬರುವ ಊರು ಯಾವುದು ಅಂತ ಗೊತ್ತಾ? ಕಳೆದ ವರ್ಷ, 2020ರ ಡಿಸೆಂಬರ್ 8ಕ್ಕೆ ಮಾರ್ಗರೆಟ್ ಕೀನನ್ ಅನ್ನೋ 90 ವರ್ಷದ ಅಜ್ಜಿಗೆ ಫೈಜರ್ ಚುಚ್ಚಿದ್ದು ಇದೇ ಕೊವೆಂಟ್ರಿಯ ಯೂನಿವರ್ಸಿಟಿ ಆಸ್ಪತ್ರೆಯಲ್ಲಿ. ಪರೀಕ್ಷೆಗೆ ಒಳಗಾದವರನ್ನು ಬಿಟ್ಟರೆ ಆ ಲಸಿಕೆ ಹಾಕಿಸಿಕೊಂಡವರಲ್ಲಿ ಜಗತ್ತಿಗೇ ಅವರು ಮೊದಲಿಗರು. ನಮ್ಮ ಮನೆಯಿಂದ ಅಲ್ಲಿಗೆ ಒಂದು ಬಸ್ಸು. ಅವತ್ತು ಟಿವಿ ನೋಡಿ ನಾನು ಊರಿಗೆಲ್ಲ ಫೋನ್ ಮಾಡಿ ಜಂಬ ಕೊಚ್ಚಿದ್ದೆ. ಅಂಥ ನಾನೇ ನನ್ನ ಸರದಿ ಬಂದಾಗ ಮೂರೂವರೆ ವಾರ ಸುಮ್ನೆ ಕೂತೆ. ಇದನ್ನು ಊರಲ್ಲಿ ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ನನಗೆ 43. ಇಲ್ಲಿ ವಯಸ್ಸಾದವರಿಂದ ಶುರು ಮಾಡಿ ಕೆಳಗೆ ಇಳಿಯುತ್ತಾ ಬಂದರು, ನಮ್ಮ ವಯಸ್ಸಿನವರಿಗೆ ಮೆಸೇಜು ಬಂದದ್ದು ಏಪ್ರಿಲ್ ಕೊನೆಗೆ. ಅಷ್ಟರಲ್ಲಿ ಆಸ್ಟ್ರಾಜೆನೆಕಾ ಲಸಿಕೆ (ಅಲ್ಲಿಯ ಕೋವಿಶೀಲ್ಡ್) ಹಾಕಿಸಿಕೊಂಡ ಕೆಲವರಿಗೆ ರಕ್ತ ಹೆಪ್ಪುಗಟ್ಟಿದ ಸುದ್ದಿ ಬಂದಿತ್ತು. ಏಪ್ರಿಲ್ 7ರಂದು ಇಲ್ಲಿನ ಸರ್ಕಾರವೇ ಹೇಳಿತು: ಎರಡು ಕೋಟಿ ಡೋಸು ಹಾಕಿದ್ದೇವೆ, 79 ಜನರಿಗೆ ಹೀಗಾಗಿದೆ, 19 ಜನ ತೀರಿಕೊಂಡಿದ್ದಾರೆ. ಹತ್ತು ಲಕ್ಷಕ್ಕೆ ನಾಲ್ಕು. ಲೆಕ್ಕ ಬರೆಯುವುದೇ ನನ್ನ ಕೆಲಸ, ಹತ್ತು ಲಕ್ಷಕ್ಕೆ ನಾಲ್ಕು ಅಂದರೆ ಎಷ್ಟು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ರಾತ್ರಿ ಬುಕಿಂಗ್ ಪೇಜು ತೆರೆಯುವುದು, ಆ ನಾಲ್ವರಲ್ಲಿ ನಾನೇ ಒಬ್ಬಳಾದರೆ ಅಂತ ಮುಚ್ಚುವುದು, ಇದೇ ಆಯಿತು. ಗಂಡ ಏನೂ ಹೇಳಲಿಲ್ಲ. ಹೇಳಿದ್ದರೆ ಜಗಳ ಆಗುತ್ತಿತ್ತು.

ಅದೇ ವಾರಗಳಲ್ಲಿ ಅಲ್ಲಿ ಏನಾಗುತ್ತಿತ್ತು ಅಂತ ನಿನಗೆ ಗೊತ್ತೇ ಇದೆ. ನಮ್ಮ ಚಿಕ್ಕಪ್ಪನಿಗೆ 61 ಆಗಿತ್ತು. ಮಾರ್ಚ್ 1ರಿಂದಲೇ 60 ದಾಟಿದವರಿಗೆ ಲಸಿಕೆ ಕೊಡುತ್ತಿದ್ದರು. ಆಶಾ ಕಾರ್ಯಕರ್ತೆ ಎರಡು ಸಲ ಮನೆಗೆ ಬಂದು ಹೇಳಿದ್ದಳಂತೆ. ಇವರು ಮೆಣಸು ಕೊಯ್ಲು ಮುಗಿಯಲಿ ನೋಡೋಣ ಅಂದರು, ಆಮೇಲೆ ಹೂಮಳೆ ಆಗಿದೆ ತೋಟದಲ್ಲಿ ಕೆಲಸ ಇದೆ ನೋಡೋಣ ಅಂದರು. ಮೇ ಮೊದಲ ವಾರ ಉಸಿರು ಕಟ್ಟಿತು. ಆಕ್ಸಿಜನ್ ಇರುವ ಹಾಸಿಗೆ ಹುಡುಕುವುದರಲ್ಲಿ ಒಂದು ದಿನ ಹೋಯಿತು, ಸಿಕ್ಕ ಮೇಲೆ ಆರು ದಿನ ಇದ್ದರು. ಏಪ್ರಿಲ್ 23ರಿಂದ ಭಾರತ ಇಲ್ಲಿನ ಕೆಂಪು ಪಟ್ಟಿಯಲ್ಲಿ, ಅಂದರೆ ಅಲ್ಲಿಂದ ಬಂದವರನ್ನು ಹೋಟೆಲಿನಲ್ಲಿ ಕೂಡಿಹಾಕುವ ದೇಶಗಳ ಪಟ್ಟಿಯಲ್ಲಿದೆ, ನಾನು ಹೊರಡುವ ಮಾತೇ ಇರಲಿಲ್ಲ. ಚಿಕ್ಕಪ್ಪನನ್ನು ಫೋನಿನಲ್ಲೇ ನೋಡಿದೆ, ಅದೂ ನೆಟ್‌ವರ್ಕ್ ಹೋಗಿ ಹೋಗಿ ಬರುತ್ತಿತ್ತು.

ಅದಾದ ಎರಡು ವಾರಕ್ಕೆ ನಾನು ಬುಕ್ ಮಾಡಿದೆ. ಚಿಕ್ಕಪ್ಪ ಹೋದದ್ದರಿಂದ ಧೈರ್ಯ ಬಂತು ಅಂತ ಅಂದುಕೊಳ್ಳಬೇಡ. ಹೆದರಿಕೆ ಹಾಗೇ ಇತ್ತು. ಆದರೆ ಅಲ್ಲಿಯವರೆಗೆ ನಾನು ಲಸಿಕೆಯನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಇಟ್ಟು ಇನ್ನೊಂದು ತಟ್ಟೆಯಲ್ಲಿ ಏನೂ ಇಟ್ಟಿರಲಿಲ್ಲ. ಕಾಯುತ್ತಾ ಕೂತರೆ ಏನೂ ಆಗುವುದಿಲ್ಲ ಅನ್ನೋ ಹಾಗೆ. ಆ ಖಾಲಿ ತಟ್ಟೆಯಲ್ಲಿ ಏನಿತ್ತು ಅಂತ ಚಿಕ್ಕಪ್ಪನ ಮೇಲೆ ಗೊತ್ತಾಯಿತು.

ಮೊದಲ ಡೋಸ್ ಹಾಕಿಸಿಕೊಂಡ ರಾತ್ರಿ ಗಡಗಡ ನಡುಗಿದೆ. ಎರಡು ರಜಾಯಿ, ಎರಡು ಪ್ಯಾರಾಸಿಟಮಾಲ್. ಮರುದಿನ ಸಂಜೆಗೆ ಎದ್ದು ಗಂಜಿ ಮಾಡಿಕೊಂಡೆ. ಮುಂದಿನ ವಾರ ಎರಡನೆಯದು.

ನಿಮ್ಮಪ್ಪನ ಮಾತಿಗೆ ಬರುತ್ತೇನೆ, ಅವರು ದಡ್ಡರಲ್ಲ. ಒಂದೇ ವರ್ಷದಲ್ಲಿ ಮಾಡಿದ ಔಷಧಿಯನ್ನು ಮಗನಿಗೆ ಹೇಗೆ ಹಾಕಿಸಲಿ ಅನ್ನುವುದು ನ್ಯಾಯವಾದ ಪ್ರಶ್ನೆಯೇ. ನನಗೆ ತಿಳಿದಷ್ಟು ಹೇಳುತ್ತೇನೆ. ಎಂಆರ್‌ಎನ್‌ಎ ಅನ್ನೋ, ಫೈಜರ್ ಲಸಿಕೆ ಮಾಡುವ ಕ್ರಮದ ಮೇಲೆ 1990ರಿಂದಲೂ ಕೆಲಸ ನಡೆದಿದೆ. 2003ರಲ್ಲಿ ಸಾರ್ಸ್ ಅನ್ನೋ ಉಸಿರಾಟದ ಕಾಯಿಲೆ ಬಂದಾಗಿನಿಂದ ಈ ಕೊರೊನಾ ಜಾತಿಯ ವೈರಸ್ಸನ್ನು ನೋಡುತ್ತಲೇ ಇದ್ದಾರೆ. 2020ರ ಜನವರಿಯಲ್ಲಿ ಚೀನಾದವರು ವೈರಸ್ಸಿನ ಜಾತಕ, ಅಂದರೆ ಅದರ ಜೀನುಗಳ ವಿವರ, ಹೊರಗೆ ಹಾಕಿದ ಕೂಡಲೇ ಕೆಲಸ ಶುರುವಾಯಿತು. ಯಾವಾಗಲೂ ಒಂದು ಹಂತ ಮುಗಿದ ಮೇಲೆ ದುಡ್ಡು ಹುಡುಕಿ ಇನ್ನೊಂದು ಹಂತ ಶುರು ಮಾಡುತ್ತಿದ್ದರು, ಈ ಸಲ ಸರ್ಕಾರಗಳು ಮೊದಲೇ ದುಡ್ಡು ಸುರಿದವು, ಹಂತಗಳು ಒಂದರ ಮೇಲೊಂದು ನಡೆದವು. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ರೋಗ ಎಲ್ಲೆಲ್ಲೂ ಇದ್ದದ್ದರಿಂದಲೇ ಪರೀಕ್ಷೆ ಬೇಗ ಮುಗಿಯಿತು. ಫೈಜರ್ ಪರೀಕ್ಷೆಯಲ್ಲಿ ಸುಮಾರು 43,000 ಜನ ಇದ್ದರು, ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಬರೀ ಉಪ್ಪುನೀರು. 170 ಜನಕ್ಕೆ ಕೋವಿಡ್ ಬಂದಾಗ ಎಣಿಸಿ ನೋಡಿದರೆ ಅದರಲ್ಲಿ 162 ಜನ ಉಪ್ಪುನೀರಿನವರು, 8 ಜನ ಲಸಿಕೆಯವರು. ಇದನ್ನು ನಿಮ್ಮಪ್ಪನಿಗೆ ಹೇಳು. ಅಡಿಕೆ ಲೆಕ್ಕ ಹಾಕುವವರು, ಅರ್ಥವಾಗುತ್ತದೆ.

ಆಮೇಲೆ ನಮ್ಮ ಕಡೆ ಕಾಡಿನ ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಮಂಗನ ಕಾಯಿಲೆಯ ಲಸಿಕೆ ನೆನಪು ಮಾಡು. ನಾವೆಲ್ಲ ಹಾಕಿಸಿಕೊಂಡವರೇ. ಒಂದು ತಿಂಗಳ ಅಂತರದಲ್ಲಿ ಎರಡು, ಆರು ತಿಂಗಳು ಕಳೆದ ಮೇಲೆ ಬೂಸ್ಟರ್, ಆಮೇಲೆ ವರ್ಷ ವರ್ಷ. ಆ ಉರಿ ನಿನಗೆ ಗೊತ್ತಲ್ಲ, ಎರಡು ದಿನ ತೋಳು ಎತ್ತಲಾಗುತ್ತಿರಲಿಲ್ಲ. ಮೂರನೇ ಸಲಕ್ಕೆ ಸಿಸ್ಟರ್ ಬಂದರೆ ನಮ್ಮ ಕೇರಿಯ ಅರ್ಧ ಜನ ತೋಟದಲ್ಲಿ ನಾಪತ್ತೆ. ಅದು ಪೂರ್ತಿ ಕಾಯುವ ಲಸಿಕೆಯೂ ಅಲ್ಲ, ಎರಡು ಡೋಸಿಗೆ ನೂರಕ್ಕೆ ಅರವತ್ತರ ಹತ್ತಿರ ಅಂತ ಲೆಕ್ಕ. ಆದರೂ ಮಂಗ ಸತ್ತ ಸುದ್ದಿ ಬಂದ ವರ್ಷ ಸಾಲಿನಲ್ಲಿ ನಿಲ್ಲುತ್ತಿದ್ದೆವು, ಯಾಕಂದರೆ ಸೊಪ್ಪಿಗೆ ಕಾಡಿಗೆ ಹೋಗದೆ ವಿಧಿಯಿಲ್ಲ, ಉಣುಗು ಕಚ್ಚದೆ ಬಿಡುವುದಿಲ್ಲ. ನಮ್ಮಜ್ಜಿ ಅದಕ್ಕೂ ‘ದಾಕು ಹಾಕಿಸ್ಕೊಳ್ಳೋದು’ ಅಂತಲೇ ಅನ್ನುತ್ತಿದ್ದಳು, ಸಿಡುಬಿನ ಕಾಲದ ಮಾತು.

ಈಗ ನೀನು ಕೇಳಿದ್ದು, ಅಲ್ಲೋ ಇಲ್ಲೋ. ಅಲ್ಲೇ ಹಾಕಿಸಿಕೋ, ಈ ವಾರವೇ. ಕೋವಿಶೀಲ್ಡ್ ಹಾಕಿಸಿಕೋ. ಕೊವ್ಯಾಕ್ಸಿನ್ ಕೆಟ್ಟದ್ದು ಅಂತಲ್ಲ, ಅದು ಸತ್ತ ವೈರಸ್ಸಿನಿಂದ ಮಾಡಿದ ಹಳೇ ಕ್ರಮದ್ದು, ನಮ್ಮ ಮಂಗನ ಕಾಯಿಲೆಯದ್ದೂ ಅದೇ ಕ್ರಮ, ನೂರಕ್ಕೆ 77.8ರಷ್ಟು ರಕ್ಷಣೆ ಅಂತ ಈ ತಿಂಗಳು ಫಲಿತಾಂಶವೂ ಬಂದಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿಗೆ ಇನ್ನೂ ಸೇರಿಲ್ಲ, ದೇಶ ದಾಟುವವನಿಗೆ ಕಾಗದವೂ ಮುಖ್ಯ. ಎಲ್ಲರಿಗೂ ಎರಡು ಡೋಸ್ ನಡುವೆ 84 ದಿನ ಬಿಡಬೇಕು, ಆದರೆ ಓದಲಿಕ್ಕೆ ಹೊರಡುವವರಿಗೆ 28 ದಿನಕ್ಕೇ ಕೊಡಬಹುದು ಅಂತ ಜೂನ್‌ನಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿದೆ. ಅಡ್ಮಿಷನ್ ಲೆಟರ್, ವೀಸಾ ಕಾಗದ, ಪಾಸ್‌ಪೋರ್ಟ್ ಹಿಡಿದುಕೊಂಡು ಹೋಗು, ಎಲ್ಲಿ ಕೊಡುತ್ತಾರೆ ಅಂತ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳು, ಸರ್ಟಿಫಿಕೇಟಿನಲ್ಲಿ ಆಧಾರ್ ಬದಲು ಪಾಸ್‌ಪೋರ್ಟ್ ನಂಬರ್ ಬರುವ ಹಾಗೆ ನೋಡಿಕೋ. ಈ ವಾರ ಒಂದು, ಆಗಸ್ಟ್ ನಡುವೆ ಇನ್ನೊಂದು. ನೀನು ಹೊರಡುವುದು ತಿಂಗಳ ಕೊನೆಗೆ. ಸರಿಯಾಗಿ ಕೂರುತ್ತದೆ.

ಇಲ್ಲಿಗೇ ಬಂದು ಫೈಜರ್ ಹಾಕಿಸಿಕೊಂಡರೆ ಏನಾಗುತ್ತದೆ ಅಂತಲೂ ಹೇಳಬೇಕು, ಯಾಕಂದರೆ ನಿನ್ನ ಫ್ರೆಂಡ್ಸ್ ಹೇಳುವುದರಲ್ಲಿ ಅರ್ಧ ನಿಜ ಇದೆ. ಇಲ್ಲಿ 40ರ ಒಳಗಿನವರಿಗೆ ಮೇ 7ರಿಂದ ಆಸ್ಟ್ರಾಜೆನೆಕಾ ಬದಲು ಬೇರೆ ಕೊಡುತ್ತಾರೆ. ಚಿಕ್ಕ ವಯಸ್ಸಿನವರಲ್ಲಿ ಆ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಜಾಸ್ತಿ, ಕೋವಿಡ್‌ನಿಂದ ಸಾಯುವ ಅಪಾಯ ಕಡಿಮೆ, ಅದಕ್ಕೆ. ಕೋವಿಶೀಲ್ಡ್ ಅಂದರೆ ಅದೇ ಲಸಿಕೆ, ಪುಣೆಯಲ್ಲಿ ಮಾಡಿದ್ದು. ಭಾರತದಲ್ಲಿ ಮೇ ತಿಂಗಳಲ್ಲಿ ಸಮಿತಿ ಲೆಕ್ಕ ಕೊಟ್ಟಾಗ ಹೆಪ್ಪುಗಟ್ಟಿದ್ದು ಹತ್ತು ಲಕ್ಷ ಡೋಸಿಗೆ 0.61 ಅಂತ ಇತ್ತು. ವಿದೇಶದ ವಿದ್ಯಾರ್ಥಿಗಳಿಗೂ ಇಲ್ಲಿ ಲಸಿಕೆ ಪುಕ್ಕಟೆ, ವೀಸಾ ಜೊತೆ ವರ್ಷಕ್ಕೆ 470 ಪೌಂಡ್ ಆರೋಗ್ಯದ ಶುಲ್ಕವನ್ನೂ ಕಟ್ಟಿಯೇ ಬರುತ್ತೀಯ. ಹಾಗಾಗಿ ಕಾದರೆ ದುಡ್ಡಿನ ನಷ್ಟ ಏನಿಲ್ಲ.

ಆದರೆ ದಿನ ಎಣಿಸು. ನೀನು ಬಂದ ಕೂಡಲೇ ಹೋಟೆಲಿನಲ್ಲಿ ಹತ್ತು ದಿನ ಬಂಧನ, ಅದಕ್ಕೆ 1,750 ಪೌಂಡ್, ಎರಡು ಡೋಸ್ ಆಗಿದ್ದರೂ ತಪ್ಪುವುದಿಲ್ಲ. ಆಮೇಲೆ ಡಾಕ್ಟರ ಹತ್ತಿರ ಹೆಸರು ಬರೆಸಿ, ಮೊದಲ ಡೋಸ್ ಆಗುವ ಹೊತ್ತಿಗೆ ಸೆಪ್ಟೆಂಬರ್ ಅರ್ಧ ಕಳೆದಿರುತ್ತದೆ, ಎಂಟು ವಾರ ಬಿಟ್ಟು ಎರಡನೆಯದು, ಅಂದರೆ ನವೆಂಬರ್. ಅಲ್ಲಿಯವರೆಗೆ ವೀಸಾ ಕೆಲಸಕ್ಕೆ ಬೆಂಗಳೂರು, ನೆಂಟರ ಮನೆಗಳ ಊಟ, ಎರಡು ಏರ್‌ಪೋರ್ಟು, ಆರು ಜನ ಒಂದೇ ಅಡುಗೆಮನೆ ಹಂಚಿಕೊಳ್ಳುವ ಹಾಸ್ಟೆಲ್ಲು, ಎಲ್ಲ ಬರೀ ಮಾಸ್ಕಿನಲ್ಲಿ. ಸೋಮವಾರ, ಜುಲೈ 19ರಿಂದ ಇಲ್ಲಿ ಬಹುಪಾಲು ನಿರ್ಬಂಧ ತೆಗೆಯುತ್ತಾರೆ, ಮಾಸ್ಕೂ ಕಡ್ಡಾಯ ಅಲ್ಲ. ಓಡಾಡುತ್ತಿರುವುದು ಡೆಲ್ಟಾ ಅನ್ನೋ ಹೊಸ ತಳಿ. ಒಂದು ಡೋಸಿಗೆ ಅದು ಅಷ್ಟು ಬಗ್ಗುವುದಿಲ್ಲ, ರಕ್ಷಣೆ ನೂರಕ್ಕೆ 33 ಅಷ್ಟೇ, ಎರಡಾದರೆ ಆಸ್ಟ್ರಾಜೆನೆಕಾ 60, ಆಸ್ಪತ್ರೆ ಸೇರುವುದನ್ನು ತಪ್ಪಿಸುವುದರಲ್ಲಿ 92. ಮನೆಯಲ್ಲಿ ನಿಮ್ಮಜ್ಜಿ ಬೇರೆ ಇದ್ದಾರೆ. ಈ ಎಲ್ಲ ಸೇರಿಸಿ ನಾನು ಅಲ್ಲೇ ಹಾಕಿಸಿಕೋ ಅನ್ನುತ್ತಿದ್ದೇನೆ. ಅರ್ಧ ಅಲ್ಲಿ ಅರ್ಧ ಇಲ್ಲಿ ಮಾತ್ರ ಮಾಡಬೇಡ. ಅಲ್ಲಿ ಹಾಕಿಸಿಕೊಂಡದ್ದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಆ್ಯಪಿಗೆ ಸೇರುತ್ತಿಲ್ಲ, ಆಮೇಲೆ ಒಂದು ಡೋಸಿನ ಸಾಕ್ಷಿ ಹಿಡಿದು ಅಲೆಯಬೇಕು.

ನಾನು ಡಾಕ್ಟರಲ್ಲ. ನಿನಗೆ ಅಲರ್ಜಿ ಇದ್ದರೆ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದರೆ ಮೊದಲೇ ಹೇಳಿ ಕೇಳು. ಹಾಕಿಸಿಕೊಂಡ ನಾಲ್ಕು ದಿನದ ಮೇಲೆ, ನಾಲ್ಕು ವಾರದ ಒಳಗೆ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಉಸಿರಾಟದ ಕಷ್ಟ, ಕಾಲು ಊತ, ಬಿಡದ ಹೊಟ್ಟೆನೋವು, ಚರ್ಮದ ಮೇಲೆ ಕಾರಣವಿಲ್ಲದೆ ಕಂದು ಕಲೆ, ಇವುಗಳಲ್ಲಿ ಯಾವುದು ಬಂದರೂ ಗ್ಯಾಸ್ ಇರಬೇಕು ಅಂತ ಮಲಗಬೇಡ, ಆಸ್ಪತ್ರೆಗೆ ಹೋಗು. ಮೊದಲ ದಿನದ ಜ್ವರ, ಮೈಕೈ ನೋವಿಗೆ ಹೆದರಬೇಕಿಲ್ಲ.

ಫಾರ್ವರ್ಡ್ ಬಗ್ಗೆ ಒಂದು ಮಾತು. ‘ಲಂಡನ್ನಿನಲ್ಲಿ ಎರಡನೇ ಲಸಿಕೆ ಹಾಕಿಸಿಕೊಂಡವನು ಸತ್ತ’ ಅಂತ ನೀನು ಕಳಿಸಿದ್ದೀಯಲ್ಲ, ಅದು ಲಂಡನ್ ಅಲ್ಲ, ನಮ್ಮೂರೇ. ಮಾರ್ಗರೆಟ್ ಅಜ್ಜಿಯ ನಂತರ ಹಾಕಿಸಿಕೊಂಡವರ ಹೆಸರು ವಿಲಿಯಂ ಶೇಕ್ಸ್‌ಪಿಯರ್, ನಿಜವಾಗಲೂ ಅದೇ ಹೆಸರು, 81 ವರ್ಷ. ಮೇ ತಿಂಗಳಲ್ಲಿ ತೀರಿಕೊಂಡರು, ಐದು ತಿಂಗಳ ಮೇಲೆ, ಪಾರ್ಶ್ವವಾಯುವಿನಿಂದ, ಲಸಿಕೆಗೂ ಅದಕ್ಕೂ ಸಂಬಂಧ ಇಲ್ಲ. ಹಾಗಂತ ಸರ್ಕಾರ ಹೇಳಿದ್ದೆಲ್ಲ ಕಲ್ಲಲ್ಲಿ ಕೆತ್ತಿದ್ದು ಅಂತಲೂ ಅಲ್ಲ. ಮೇ 13ಕ್ಕೆ ಭಾರತ ಕೋವಿಶೀಲ್ಡಿನ ಎರಡು ಡೋಸಿನ ನಡುವಿನ ಅಂತರವನ್ನು 12-16 ವಾರಗಳಷ್ಟಕ್ಕೆ ಹಿಗ್ಗಿಸಿತು, ಮರುದಿನವೇ ಇಲ್ಲಿ 50 ದಾಟಿದವರಿಗೆ 12 ವಾರ ಇದ್ದದ್ದನ್ನು 8ಕ್ಕೆ ಇಳಿಸಿದರು. ಲಸಿಕೆ ಅದೇ! ಇರುವ ಡೋಸು ಎಷ್ಟು, ಹೊಸ ತಳಿ ಎಷ್ಟು ಹತ್ತಿರ ಬಂತು, ಇದನ್ನೆಲ್ಲ ನೋಡಿ ಅವರೂ ಅಂದಾಜಿನಲ್ಲೇ ಹೆಜ್ಜೆ ಇಡುತ್ತಿದ್ದಾರೆ. ಅದು ಗೊತ್ತಿದ್ದೇ ನಾನು ಹಾಕಿಸಿಕೊಂಡೆ.

ಇನ್ನೊಂದು ಉಪಕಾರ ಆಗಬೇಕು. ನಮ್ಮಪ್ಪ ಇನ್ನೂ ಹಾಕಿಸಿಕೊಂಡಿಲ್ಲ, 74. ಸ್ವಂತ ತಮ್ಮ ಹೋದ ಮೇಲೂ ನೋಡೋಣ ಅನ್ನುತ್ತಿದ್ದಾರೆ. ನಾನು ವೀಡಿಯೊ ಕಾಲಿನಲ್ಲಿ ಬೈದೆ, ಅತ್ತುಬಿಟ್ಟೆ, ಮೇಲೆ ಹೇಳಿದ 162 ಮತ್ತು 8ರ ಲೆಕ್ಕವನ್ನೂ ಹೇಳಿದೆ. ‘ಅಲ್ಲಿ ಕೂತು ಹೇಳೋದು ಸುಲಭ ಮಗಾ’ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನೀನು ಆಸ್ಪತ್ರೆಗೆ ಹೋಗುವ ದಿನ ನಮ್ಮ ದಣಪೆ ಹತ್ತಿರ ಜೀಪು ನಿಲ್ಲಿಸಿ, ‘ಒಬ್ಬನೇ ಹೋಗೋಕೆ ಹೆದರಿಕೆ ದೊಡ್ಡಪ್ಪ, ಜೊತೆಗೆ ಬನ್ನಿ’ ಅನ್ನು. ನಿನಗೆ ಸಹಾಯ ಮಾಡಲಿಕ್ಕೆ ಅಂದರೆ ಖಂಡಿತ ಬರುತ್ತಾರೆ. ಅವರ ಆಧಾರ್ ಕಾರ್ಡು ದೇವರ ಕೋಣೆಯ ಗೂಡಿನಲ್ಲಿದೆ, ಅಮ್ಮನಿಗೆ ಹೇಳಿಟ್ಟಿದ್ದೇನೆ. ಹೋಗುವ ಹಿಂದಿನ ದಿನ ನನಗೊಂದು ಮಿಸ್ಡ್ ಕಾಲ್ ಕೊಡು.