ಆಟಕ್ಕುಂಟು, ಲೆಕ್ಕಕ್ಕೂ ಇರಲಿ

ಓದುಗರೊಬ್ಬರ ಪತ್ರದ ಸಾರ: ವಾರಕ್ಕೆರಡು ದಿನ ಮಕ್ಕಳಿಗೆ ಫುಟ್‌ಬಾಲ್ ಆಡಿಸುತ್ತೇನೆ. ಮೊದಲಿಂದ ಇಲ್ಲೇ ಇರುವ ಮನೆಗಳ ಮಕ್ಕಳೂ ಬರುತ್ತಾರೆ, ಬೇರೆ ಕಡೆಯಿಂದ ವಲಸೆ ಬಂದವರ ಮಕ್ಕಳೂ ಬರುತ್ತಾರೆ. ಇಬ್ಬರೂ ಹತ್ತಿರವಾಗಲಿ ಅಂತ ಅವರವರ ನಡುವೆ ಒಂದು ಪಂದ್ಯ ಇಟ್ಟೆ. ಜಗಳದಲ್ಲಿ ಮುಗಿಯಿತು. ಆಮೇಲೆ ಗಡಿಯಾಚೆಯ ಒಂದು ಕ್ಲಬ್ ಜೊತೆ ಸ್ನೇಹ ಪಂದ್ಯ ಆಡಿಸಿದೆವು. ಬಾವುಟ, ಭಾಷಣ, ಫೋಟೊ ಎಲ್ಲ ಆಯಿತು. ಮಕ್ಕಳು ಮಾತ್ರ ಒಬ್ಬರನ್ನೊಬ್ಬರು ಮಾತಾಡಿಸಲೇ ಇಲ್ಲ. ಹುಡುಗಿಯರು ಗೆರೆಯಾಚೆ ನಿಂತು ಚೆಂಡು ಹೆಕ್ಕಿ ಕೊಡುತ್ತಾರೆ. ಕಿವಿ ಕೇಳಿಸದ ಒಬ್ಬ ಹುಡುಗನಿದ್ದಾನೆ, ಅವನ ಕಾಲಿಗೆ ಚೆಂಡೇ ಬರುವುದಿಲ್ಲ. ಆಟ ಎಲ್ಲರನ್ನೂ ಒಂದು ಮಾಡುತ್ತದೆ ಅನ್ನುವುದು ಸುಳ್ಳಾ? ನಿಲ್ಲಿಸಿಬಿಡಲಾ?

ಸಂಪಾದಕರ ಉತ್ತರ:

ನಿಲ್ಲಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪತ್ರ ಎರಡು ದಿನ ನನ್ನ ಮೇಜಿನ ಮೇಲೇ ಇತ್ತು. ಸುಮ್ನೆ ಬೆನ್ನು ತಟ್ಟಿ ಕಳಿಸುವ ಉತ್ತರ ಕೊಡಲು ಮನಸ್ಸು ಒಪ್ಪಲಿಲ್ಲ.

ಆಟ ತಾನಾಗಿಯೇ ಯಾರನ್ನೂ ಒಂದು ಮಾಡುವುದಿಲ್ಲ. ಅಷ್ಟು ನಿಜ. 1969ರಲ್ಲಿ ಎಲ್ ಸಾಲ್ವಡಾರ್ ಮತ್ತು ಹೊಂಡುರಾಸ್ ದೇಶಗಳು ವಿಶ್ವಕಪ್‌ನ ಅರ್ಹತಾ ಪಂದ್ಯಗಳಲ್ಲಿ ಎದುರಾದವು. ಪಂದ್ಯಗಳ ಸುತ್ತ ಗಲಭೆ ನಡೆಯಿತು. ಜುಲೈನಲ್ಲಿ ಯುದ್ಧವೇ ಆಯಿತು. ಭೂಮಿಯ ಜಗಳ, ಹೊಂಡುರಾಸ್‌ನಲ್ಲಿ ನೆಲೆಸಿದ್ದ ಸಾಲ್ವಡಾರಿನ ವಲಸಿಗರ ವಿಷಯ ಮೊದಲಿಂದಲೂ ಹೊಗೆಯಾಡುತ್ತಿತ್ತು. ಆ ಬೆಂಕಿ ಹಚ್ಚಿದ್ದು ಫುಟ್‌ಬಾಲ್ ಅಲ್ಲ. ಆದರೆ ಉರಿಯುವ ಬೆಂಕಿಗೆ ತುಪ್ಪವನ್ನಂತೂ ಸುರಿಯಿತು.

ಹಾಗಾದರೆ ಯಾವ ಆಟ ಹತ್ತಿರ ತರುತ್ತದೆ, ಯಾವುದು ದೂರ ಮಾಡುತ್ತದೆ? ಇದನ್ನು ಮೈದಾನಕ್ಕೇ ಇಳಿದು ಪರೀಕ್ಷಿಸಿದವರಿದ್ದಾರೆ. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದಲ್ಲಿ ಬೇರೆ ಬೇರೆ ಜಾತಿಯ ಯುವಕರಿಗೆ ಒಂದು ತಿಂಗಳ ಅವಧಿಯ ಕ್ರಿಕೆಟ್ ಲೀಗ್ ನಡೆಸಿದರು. ಅಧ್ಯಯನದಲ್ಲಿ ಒಟ್ಟು 1,261 ಯುವಕರಿದ್ದರು. ಯಾರು ಲೀಗ್‌ನಲ್ಲಿ ಆಡಬೇಕು, ಯಾರು ಯಾವ ತಂಡಕ್ಕೆ ಸೇರಬೇಕು ಅನ್ನುವುದೆಲ್ಲ ಚೀಟಿ ಎತ್ತಿದ ಹಾಗೆ ತೀರ್ಮಾನವಾಯಿತು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಬೇರೆ ಜಾತಿಯವರ ಜೊತೆ ಒಂದೇ ತಂಡದಲ್ಲಿ ಆಡಿದವರಿಗೆ ಜಾತಿಯಾಚೆಯ ಗೆಳೆಯರು ಜಾಸ್ತಿಯಾದರು. ಬೇರೆ ಜಾತಿಯವರನ್ನು ಎದುರಾಳಿಗಳಾಗಿ ಕಂಡಾಗ ಆದದ್ದು ಹೆಚ್ಚುಕಡಿಮೆ ಇದರ ಉಲ್ಟಾ.

ಈಗ ನಿಮ್ಮ ಮೊದಲ ಪಂದ್ಯವನ್ನು ನೆನಪಿಸಿಕೊಳ್ಳಿ. ಇಲ್ಲಿಯವರು ಒಂದು ಕಡೆ, ಬಂದವರು ಇನ್ನೊಂದು ಕಡೆ. ಗೋಡೆ ಮೊದಲೇ ಇತ್ತು, ಆವತ್ತು ಅದಕ್ಕೆ ಎರಡು ಬಣ್ಣದ ಜರ್ಸಿ ಸಿಕ್ಕಿತು. ಇದಕ್ಕಾಗಿ ನೀವು ನೊಂದುಕೊಳ್ಳಬೇಡಿ. ಹತ್ತಿರ ತರಬೇಕು ಅಂದ ಕೂಡಲೇ ಎಲ್ಲರಿಗೂ ಮೊದಲು ಹೊಳೆಯುವುದು ಇವರಿಗೂ ಅವರಿಗೂ ಒಂದು ಪಂದ್ಯ ಇಡೋಣ ಅಂತಲೇ.

ಹಾಗಾಗಿ ತಂಡ ಕಟ್ಟುವುದರಿಂದ ಶುರು ಮಾಡಿ. ಚೀಟಿ ಎತ್ತಿ ತಂಡ ಮಾಡಿ. ಎರಡೂ ಕಡೆಯ ಮಕ್ಕಳು ಪ್ರತಿ ತಂಡದಲ್ಲೂ ಇರುವ ಹಾಗೆ ನೋಡಿಕೊಳ್ಳಿ. ಒಂದು ದಿನಕ್ಕೆ ಬೆರೆಸಿ ಮರುದಿನ ಬಿಡಿಸಿದರೆ ಉಪಯೋಗವಿಲ್ಲ. ಕನಿಷ್ಠ ಎರಡು ತಿಂಗಳು ಅದೇ ತಂಡ ಇರಲಿ. ಒಟ್ಟಿಗೆ ಸೋಲಲಿ, ಒಟ್ಟಿಗೆ ಗೆಲ್ಲಲಿ. ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಆರಿಸುವ ಪದ್ಧತಿಯನ್ನು ಮಾತ್ರ ದಯವಿಟ್ಟು ಇವತ್ತೇ ಬಿಡಿ. ನಾನು ಆಟದಲ್ಲಿ ಹಿಂದೆ ಇದ್ದ ಹುಡುಗ. ಆ ಸಾಲಿನಲ್ಲಿ ಕೊನೆಗೆ ಉಳಿಯುತ್ತಿದ್ದವನು ನಾನೇ. ‘ಸರಿ, ಇವನನ್ನೂ ನೀವೇ ಇಟ್ಕೊಳ್ಳಿ’ ಅನ್ನುತ್ತಿದ್ದರು. ಇಷ್ಟು ವರ್ಷವಾದರೂ ಆ ಮಾತು ಕಿವಿಯಲ್ಲಿದೆ.

ಇಂಥವರಿಗೆ ನಮ್ಮಲ್ಲಿ ಒಂದು ಮಾತೇ ಇದೆಯಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ. ಚಿಕ್ಕವರು ಅಳದಿರಲಿ ಅಂತ ಆಟಕ್ಕೆ ಸೇರಿಸಿಕೊಳ್ಳುತ್ತೇವೆ, ಅವರು ಔಟಾದರೂ ಒಂದೇ, ಗೆದ್ದರೂ ಒಂದೇ. ಎಲ್ಲರನ್ನೂ ಒಳಗೊಳ್ಳುವ ಕ್ರೀಡೆ ಅಂತ ನಡೆಯುವ ಎಷ್ಟೋ ಕಾರ್ಯಕ್ರಮಗಳಲ್ಲಿ ಆಗುವುದು ಇದೇ. ಹೆಸರು ಪಟ್ಟಿಯಲ್ಲಿರುತ್ತದೆ, ಚೆಂಡು ಕಾಲಿಗೆ ಬರುವುದಿಲ್ಲ. ನಿಮ್ಮ ಹುಡುಗಿಯರು, ಕಿವಿ ಕೇಳಿಸದ ಆ ಹುಡುಗ ಇರುವುದು ಅಲ್ಲಿ. ಅವರನ್ನು ಲೆಕ್ಕಕ್ಕೆ ತರಬೇಕಾದರೆ ಲೆಕ್ಕವನ್ನೇ ಬದಲಾಯಿಸಬೇಕು.

ಇದನ್ನು ಮಾಡಿ ತೋರಿಸಿದ್ದು ಕೊಲಂಬಿಯಾದ ಮೆಡೆಲಿನ್ ನಗರ. 1994ರ ವಿಶ್ವಕಪ್‌ನಲ್ಲಿ ಆಂಡ್ರೆಸ್ ಎಸ್ಕೊಬಾರ್ ಎಂಬ ಆಟಗಾರ ತಪ್ಪಿ ತನ್ನದೇ ಗೋಲಿಗೆ ಚೆಂಡು ಹೊಡೆದ. ಊರಿಗೆ ಮರಳಿದ ಕೆಲವೇ ದಿನಗಳಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಆ ಸಾವಿನ ನೋವಿನಿಂದ ಅಲ್ಲಿ ಶಾಂತಿಗಾಗಿ ಫುಟ್‌ಬಾಲ್ ಎಂಬ ಬೀದಿ ಆಟ ಹುಟ್ಟಿತು. ಹುಡುಗರು, ಹುಡುಗಿಯರು ಒಂದೇ ತಂಡದಲ್ಲಿ. ತಂಡದ ಮೊದಲ ಗೋಲನ್ನು ಹುಡುಗಿಯೇ ಹೊಡೆಯಬೇಕು. ಈ ಒಂದು ನಿಯಮ ಏನು ಮಾಡುತ್ತದೆ ನೋಡಿ. ಅವಳಿಗೆ ಚೆಂಡು ಕೊಡಿ ಅಂತ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಗೆಲ್ಲಬೇಕು ಅನ್ನುವ ಹುಡುಗ ತಾನೇ ಅವಳನ್ನು ಹುಡುಕಿಕೊಂಡು ಹೋಗಿ ಪಾಸ್ ಕೊಡುತ್ತಾನೆ.

ಅದೇ ಆಟ ಬೆಳೆದು ಇವತ್ತು ಫುಟ್‌ಬಾಲ್ ತ್ರೀ ಅಂತ ಬೇರೆ ಬೇರೆ ದೇಶಗಳಲ್ಲಿ ನಡೆಯುತ್ತಿದೆ. ಅದಕ್ಕೆ ಮೂರು ಭಾಗ. ಮೊದಲು ಎರಡೂ ತಂಡಗಳು ಕೂತು ನಿಯಮ ಮಾಡಿಕೊಳ್ಳುತ್ತವೆ. ಆಮೇಲೆ ಆಟ, ರೆಫರಿ ಇಲ್ಲದೆ. ಕೊನೆಗೆ ಮತ್ತೆ ಕೂತು, ಒಪ್ಪಿದ ಹಾಗೆ ಆಡಿದೆವಾ ಅಂತ ಮಾತಾಡಿ ಒಬ್ಬರಿಗೊಬ್ಬರು ಅಂಕ ಕೊಡುತ್ತಾರೆ. ಗೋಲಿನ ಜೊತೆಗೆ ಈ ಅಂಕವೂ ಸೇರುತ್ತದೆ. ಮಧ್ಯಸ್ಥರೊಬ್ಬರು ಇರುತ್ತಾರೆ, ಆದರೆ ಅವರು ಸೀಟಿ ಊದುವುದಿಲ್ಲ. ಮಾತು ನಿಂತಲ್ಲಿ ಎತ್ತಿಕೊಡುತ್ತಾರೆ. ನಿಮ್ಮ ಜಗಳದ ಸಮಸ್ಯೆಗೂ ಇದೇ ಮದ್ದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಮೊದಲ ಕೆಲವು ವಾರ ಮಕ್ಕಳು ನಾಚಿಕೊಂಡು ಸುಮ್ಮನೆ ಕೂತಾರು. ಬಿಡಿ, ಕೂರಲಿ.

ಕಿವಿ ಕೇಳಿಸದ ಹುಡುಗನ ವಿಷಯ ಸುಲಭ. ಕಿವುಡರ ಫುಟ್‌ಬಾಲ್‌ನಲ್ಲಿ ರೆಫರಿ ಬಾವುಟ ಬೀಸುತ್ತಾರೆ. ನೀವೂ ಎಲ್ಲರಿಗೂ ಬಾವುಟವನ್ನೇ ಬಳಸಿ. ಆಗ ಅವನೊಬ್ಬನಿಗೆ ಬೇರೆ ವ್ಯವಸ್ಥೆ ಅಂತ ಇರುವುದಿಲ್ಲ. ಕುರುಡರ ಫುಟ್‌ಬಾಲ್‌ನಲ್ಲೂ ಇದೇ ವಿವೇಕ ಇದೆ. ಸ್ವಲ್ಪ ಕಾಣುವವರು, ಏನೂ ಕಾಣದವರು ಅನ್ನದೆ ಗೋಲ್‌ಕೀಪರ್ ಬಿಟ್ಟು ಉಳಿದೆಲ್ಲರೂ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ಚೆಂಡಿನೊಳಗೆ ಗಲಗಲ ಸದ್ದಿರುತ್ತದೆ. ಮುಂದೆ ಯಾವತ್ತೋ ಬುದ್ಧಿಮಾಂದ್ಯ ಮಕ್ಕಳೂ ಬಂದರೆ ಸ್ಪೆಷಲ್ ಒಲಿಂಪಿಕ್ಸ್‌ನವರ ಯೂನಿಫೈಡ್ ಕ್ರೀಡೆಯ ಕ್ರಮ ನೋಡಿ. ಅಲ್ಲಿ ಆ ಮಕ್ಕಳೂ ಉಳಿದ ಮಕ್ಕಳೂ ಒಂದೇ ತಂಡದಲ್ಲಿ ಆಡುತ್ತಾರೆ. ವಯಸ್ಸು, ಆಟದ ಮಟ್ಟ ಹತ್ತಿರ ಹತ್ತಿರ ಇರುವವರನ್ನೇ ಸೇರಿಸುತ್ತಾರೆ.

ಇನ್ನು ಗಡಿಯಾಚೆಯ ಕ್ಲಬ್. ಅದು ಇನ್ನೊಂದು ಇವರು-ಅವರು ಪಂದ್ಯ ಆಯಿತು, ಅಲ್ವಾ? ಬೋಸ್ನಿಯಾದಲ್ಲಿ ಯುದ್ಧ ಮುಗಿದ ಮೇಲೆ, 1998ರಲ್ಲಿ, ಡೆನ್ಮಾರ್ಕಿನ ಆಂಡರ್ಸ್ ಲೆವಿನ್ಸನ್ ಅಲ್ಲಿನ ಮಕ್ಕಳಿಗೆ ಓಪನ್ ಫನ್ ಫುಟ್‌ಬಾಲ್ ಶಾಲೆಗಳನ್ನು ಶುರು ಮಾಡಿದರು. ಯುದ್ಧ ಬೇರೆ ಮಾಡಿದ ನೆರೆಯೂರುಗಳು ಸೇರಿ ನಡೆಸಬೇಕು, ಎರಡೂ ಕಡೆಯ ತರಬೇತುದಾರರಿರಬೇಕು, ಮಕ್ಕಳನ್ನು ಬೆರೆಸಿಯೇ ಗುಂಪು ಮಾಡಬೇಕು. ಇದು ಅದರ ಕಟ್ಟು. ಮಕ್ಕಳ ಕೈ ಹಿಡಿಸುವ ಮೊದಲು ದೊಡ್ಡವರು ಒಟ್ಟಿಗೆ ಕೂತು ತಯಾರಾಗಬೇಕಾಗುತ್ತದೆ. ನೀವು ಆ ಕ್ಲಬ್ಬಿನ ತರಬೇತುದಾರರ ಜೊತೆ ಎಷ್ಟು ಹೊತ್ತು ಮಾತಾಡಿದ್ದೀರಿ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಅಲ್ಲಿಂದ ಶುರು ಮಾಡಿ. ಅವರೊಂದು ವಾರ ನಿಮ್ಮ ಮಕ್ಕಳಿಗೆ ಕಲಿಸಲಿ, ನೀವೊಂದು ವಾರ ಅಲ್ಲಿಗೆ ಹೋಗಿ.

ಮುಂದಿನ ಸಲ ಎರಡು ದೇಶದ ಎರಡು ತಂಡ ಬೇಡ. ಎರಡೂ ಕಡೆಯ ಮಕ್ಕಳನ್ನು ಬೆರೆಸಿ ನಾಲ್ಕು ತಂಡ ಮಾಡಿ. ಒಂದೇ ಬಸ್ಸಿನಲ್ಲಿ ಕೂರಿಸಿ. ಬಸ್ಸು ಸಣ್ಣ ವಿಷಯ ಅಲ್ಲ. 1971ರಲ್ಲಿ ಜಪಾನಿನ ನಗೋಯಾದಲ್ಲಿ ವಿಶ್ವ ಟೇಬಲ್ ಟೆನಿಸ್ ನಡೆಯುತ್ತಿತ್ತು. ಅಮೆರಿಕದ ಗ್ಲೆನ್ ಕೋವನ್ ತನ್ನ ತಂಡದ ಬಸ್ಸು ತಪ್ಪಿ ಚೀನಾ ತಂಡದ ಬಸ್ಸು ಹತ್ತಿದ. ಎರಡು ದೇಶಗಳ ನಡುವೆ ಆಗ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ಚೀನಾದ ಚಾಂಪಿಯನ್ ಜುವಾಂಗ್ ಝೆಡಾಂಗ್ ಎದ್ದು ಬಂದು ಮಾತಾಡಿಸಿ, ಬೆಟ್ಟದ ಚಿತ್ರವಿದ್ದ ಒಂದು ರೇಷ್ಮೆ ಬಟ್ಟೆ ಕೊಟ್ಟ. ಕೆಲವೇ ದಿನಗಳಲ್ಲಿ ಅಮೆರಿಕದ ತಂಡಕ್ಕೆ ಚೀನಾದಿಂದ ಕರೆ ಬಂತು. ಮರುವರ್ಷ ಅಮೆರಿಕದ ಅಧ್ಯಕ್ಷರೇ ಚೀನಾಕ್ಕೆ ಹೋದರು. ಆ ಬಾಗಿಲು ತೆರೆದದ್ದು ಪಂದ್ಯದ ಹೊತ್ತಿನಲ್ಲಲ್ಲ, ಬಸ್ಸಿನ ಆ ಕೆಲವು ನಿಮಿಷಗಳಲ್ಲಿ.

ಇಷ್ಟೆಲ್ಲ ಹೇಳಿ ನಿಮ್ಮಿಂದ ಒಂದು ಮಾತು ಮುಚ್ಚಿಡಲಾರೆ. ಸಲ್ಮಾ ಮೂಸಾ ಎಂಬ ಸಂಶೋಧಕಿ ಇರಾಕಿನಲ್ಲಿ, ಐಸಿಸ್ ದಾಳಿಗೆ ಮನೆ ಬಿಟ್ಟು ಓಡಿದ್ದ ಕ್ರೈಸ್ತರ ಫುಟ್‌ಬಾಲ್ ಲೀಗ್‌ನಲ್ಲಿ ಇಂಥದೇ ಪ್ರಯೋಗ ಮಾಡಿದರು. ಕೆಲವು ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿದರು. 2020ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಬೆರೆತು ಆಡಿದ ಕ್ರೈಸ್ತರು ಆರು ತಿಂಗಳ ನಂತರವೂ ಮುಸ್ಲಿಮರ ಜೊತೆ ಅಭ್ಯಾಸ ಮಾಡುವುದು ಹೆಚ್ಚಾಗಿತ್ತು. ಆದರೆ ಮೈದಾನದಾಚೆಯ, ಗುರುತಿಲ್ಲದ ಮುಸ್ಲಿಮರ ಜೊತೆಗಿನ ನಡೆ ಅಷ್ಟೇನೂ ಬದಲಾಗಲಿಲ್ಲ. ಅಂದರೆ ನಿಮ್ಮ ಮೈದಾನದಲ್ಲಿ ಸ್ನೇಹ ಬೆಳೆದರೂ ಊರಿನ ಮನಸ್ಸು ತಾನಾಗಿ ಬದಲಾಗದು. ಮನೆ ಬಾಡಿಗೆಗೆ ಸಿಗದಿರುವುದು, ಕೆಲಸ ಸಿಗದಿರುವುದು, ಶಾಲೆಯಲ್ಲಿ ಬೇರೆ ಬೆಂಚು, ಇವಕ್ಕೆ ಚೆಂಡು ಉತ್ತರವಲ್ಲ. ಆ ಹೊರೆಯನ್ನೂ ನೀವೊಬ್ಬರೇ ಹೊರಬೇಕು ಅಂದುಕೊಳ್ಳಬೇಡಿ.

ನಿಮ್ಮ ಕೈಯಲ್ಲಿರುವುದು ತಂಡದ ಪಟ್ಟಿ. ಈ ವಾರ ಚೀಟಿ ಎತ್ತಿ ಅದನ್ನು ಹೊಸದಾಗಿ ಬರೆಯಿರಿ. ಒಂದು ಬಣ್ಣದ ಬಟ್ಟೆಯನ್ನು ಕೋಲಿಗೆ ಕಟ್ಟಿ ಬಾವುಟ ಮಾಡಿ. ಅದನ್ನು ಬೀಸುವ ಕೆಲಸ ದಿನಕ್ಕೊಬ್ಬ ಮಗುವಿಗೆ ಸಿಗಲಿ. ಎರಡು ತಿಂಗಳಾದ ಮೇಲೆ ಮತ್ತೆ ಬರೆಯಿರಿ. ಯಾವ ತಂಡ ಗೆದ್ದಿತು ಅಂತ ನಾನು ಕೇಳುವುದಿಲ್ಲ. ಆ ಹುಡುಗನಿಗೆ ಮೊದಲ ಪಾಸ್ ಕೊಟ್ಟವರು ಯಾರು ಅಂತ ತಿಳಿಸಿ.