‘ನಿಲ್ಸು’ ಎಂದ ಮೇಲೂ ಓಡಿದ ಕ್ಯಾಮೆರಾ

ಅಡಿಕೆ ಕೊನೆಕೊಯ್ಲು ಶುರುವಾಗಿದ್ದ ನವೆಂಬರ್ ತಿಂಗಳಲ್ಲಿ ಹೊಸನಗರದ ಕಡೆಯ ತೋಟಗಾರರೊಬ್ಬರು ತಮ್ಮ 22 ವರ್ಷದ ಮಗನನ್ನು ಶಿವಮೊಗ್ಗದ ನನ್ನ ಸಲಹಾ ಕೊಠಡಿಗೆ ಕರೆದುಕೊಂಡು ಬಂದರು. “ಕಾಲೇಜು ಬಿಟ್ಟು ಮನೆಗೆ ಬಂದು ಮೂರು ತಿಂಗಳಾಯ್ತು ಮೇಡಂ. ರಾತ್ರಿ ಮಲಗಲ್ಲ, ಹಗಲು ಏಳಲ್ಲ. ಏನಾಯ್ತೋ ಅಂದ್ರೆ ಸೌಂಡ್ ಹಾಳಾಯ್ತು ಅಂತಾನೆ. ಒಂದು ಸೌಂಡ್ ಹಾಳಾದ್ರೆ ಮನುಷ್ಯ ಹಿಂಗಾಗ್ತಾನಾ?” ಎಂದು ಕೇಳಿ, ಮಗನನ್ನು ಒಳಗೆ ಬಿಟ್ಟು ಹೊರಗಿನ ಬೆಂಚಿನ ಮೇಲೆ ಕುಳಿತರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಅದರ ತೂಕ ನನಗೆ ಅರ್ಥವಾಗಲು ಮೂರು ಭೇಟಿಗಳು ಬೇಕಾದವು.

ಈ ಪ್ರಕರಣವನ್ನು ಬರೆಯಲು ಆ ಯುವಕನ ಒಪ್ಪಿಗೆಯನ್ನೂ ಆತನ ಅಜ್ಜಿಯ ಒಪ್ಪಿಗೆಯನ್ನೂ ಬೇರೆ ಬೇರೆಯಾಗಿ ಪಡೆದಿದ್ದೇನೆ. ಊರು, ವಯಸ್ಸು, ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಅಜ್ಜಿ ಆಡಿದ ಒಂದು ಮಾತನ್ನು ಮಾತ್ರ ಬದಲಿಸಿಯೂ ಬರೆದಿಲ್ಲ. ಬರೆದರೆ, ಆತನನ್ನು ನನ್ನ ಬಳಿಗೆ ತಂದ ತಪ್ಪನ್ನೇ ನಾನೂ ಮಾಡಿದಂತಾಗುತ್ತದೆ.

ಆತ ಬೆಂಗಳೂರಿನ ಕಾಲೇಜೊಂದರಲ್ಲಿ ಚಲನಚಿತ್ರ ನಿರ್ಮಾಣ ಓದುತ್ತಿದ್ದ. ಅಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮೊದಲ ಕಿರುಚಿತ್ರವನ್ನು ಮಾಡಿ ತೋರಿಸಬೇಕಿತ್ತು. ಆತ ಆರಿಸಿಕೊಂಡದ್ದು ಅಜ್ಜಿಯನ್ನು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು ಶರಾವತಿಯ ನೀರು ನಿಂತಾಗ ಮುಳುಗಿದ ಊರುಗಳಲ್ಲಿ ಅಜ್ಜಿಯ ತವರೂ ಒಂದು. ಮಳೆಗಾಲ ಹಿಡಿಯಿತೆಂದರೆ ನಮ್ಮ ಜಿಲ್ಲೆಯಲ್ಲಿ ಬೆಳಿಗ್ಗೆ ಪೇಪರು ತೆಗೆದು ಅಣೆಕಟ್ಟಿನ ನೀರಿನ ಮಟ್ಟ ನೋಡುವುದು, 1819 ಅಡಿ ತುಂಬಲು ಇನ್ನೆಷ್ಟು ಬಾಕಿ ಎಂದು ಲೆಕ್ಕ ಹಾಕುವುದು ಮನೆಮನೆಯ ರೂಢಿ. ಆ ಲೆಕ್ಕ ಶುರುವಾದೊಡನೆ ಅಜ್ಜಿ ಜಗಲಿಯಿಂದ ಎದ್ದು ಒಳಗೆ ಹೋಗುತ್ತಿದ್ದುದನ್ನು ಆತ ಚಿಕ್ಕಂದಿನಿಂದ ನೋಡಿದ್ದ. ಅಲ್ಲೊಂದು ಚಿತ್ರವಿದೆ ಎಂದು ಆತನಿಗೆ ಅನ್ನಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಳ್ಳೆಯ ಕಣ್ಣು ಇದ್ದವನಿಗಷ್ಟೇ ಅದು ಕಾಣಿಸುತ್ತದೆ.

ಜುಲೈನಲ್ಲಿ ನಾಲ್ವರು ಸಹಪಾಠಿಗಳೊಂದಿಗೆ ಊರಿಗೆ ಬಂದು ಮೂರು ದಿನ ಚಿತ್ರೀಕರಣ ಮಾಡಿದ. ಜಗಲಿಯ ಮುಂದಕ್ಕೆ ಇಳಿಸಿದ್ದ ಮಾಡಿಗೆ ತಗಡು ಹೊದಿಸಿತ್ತು, ಮೂರು ದಿನವೂ ಮಳೆ ಬಿಡಲಿಲ್ಲ. ಮೈಕನ್ನು ಕ್ಯಾಮೆರಾದ ತಲೆಯ ಮೇಲೆಯೇ ಕೂರಿಸಿದ್ದರಿಂದ ಅಜ್ಜಿಯ ಬಾಯಿಗೂ ಅದಕ್ಕೂ ಎಂಟಡಿ ಅಂತರವಿತ್ತು. ಎಡಿಟ್‌ಗೆ ಕುಳಿತಾಗ ಅರ್ಧಕ್ಕರ್ಧ ಮಾತು ಕೇಳಿಸಲಿಲ್ಲ. ಸಾಫ್ಟ್‌ವೇರ್ ಬಳಸಿ ಮಳೆಯ ಸದ್ದನ್ನು ತೆಗೆಯಲು ಹೋದರೆ, ಮಾತಿನ ಕಂಪನಾಂಕಗಳ ಮೇಲೆಯೇ ಮಳೆಯೂ ಹರಡಿಕೊಂಡಿದ್ದರಿಂದ ಅಜ್ಜಿಯ ದನಿಯೂ ಸವೆದು, ಕೊಳವೆಯೊಳಗಿಂದ ಮಾತನಾಡಿದಂತೆ ಕೇಳತೊಡಗಿತು. ಹನ್ನೊಂದು ನಿಮಿಷದ ಚಿತ್ರವನ್ನು ಆಗಸ್ಟ್‌ನಲ್ಲಿ ಕಾಲೇಜಿನಲ್ಲಿ ತೋರಿಸಿದಾಗ ಅಧ್ಯಾಪಕರೊಬ್ಬರು ಶಬ್ದದ ಬಗ್ಗೆ ಕಟುವಾಗಿಯೇ ಮಾತನಾಡಿದರು. ಆ ವಾರಾಂತ್ಯಕ್ಕೆ ಬಸ್ಸು ಹತ್ತಿ ಊರಿಗೆ ಬಂದವನು ಮತ್ತೆ ಹೋಗಲಿಲ್ಲ.

ಮೊದಲ ಭೇಟಿಯಲ್ಲಿ ಖಿನ್ನತೆಯ ಪ್ರಮಾಣ ತಿಳಿಯಲು ಬಳಸುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ತುಂಬಿಸಿದಾಗ 27ಕ್ಕೆ 13 ಅಂಕ ಬಂದವು. 10ರಿಂದ 14ರವರೆಗಿನದು ಮಧ್ಯಮ ಪ್ರಮಾಣ. ಸಾಯುವ ಯೋಚನೆ ಬರುತ್ತದೆಯೇ ಎಂದು ಮುಚ್ಚುಮರೆಯಿಲ್ಲದೆ ಕೇಳಿದೆ. ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದದ್ದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಕೆಲವು ರಾತ್ರಿ ತಾನು ಇಲ್ಲದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ, ಅದಕ್ಕಿಂತ ಮುಂದಕ್ಕೆ ಯೋಚಿಸಿಲ್ಲ ಎಂದ. ಹೊತ್ತಲ್ಲದ ಹೊತ್ತಿನಲ್ಲಿ ಆ ಯೋಚನೆ ಬಲವಾದರೆ ಕರೆ ಮಾಡಲೆಂದು, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಲು ಸಿಗುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416ನ್ನು ಆತನ ಫೋನಿನಲ್ಲಿ ನನ್ನೆದುರೇ ಸೇರಿಸಿಸಿದೆ. ತಂದೆಯ ಬಳಿ ಈ ವಿಷಯ ತಿಳಿಸಲು ಆತನಿಂದಲೇ ಅನುಮತಿ ಪಡೆದೆ. ನಿದ್ದೆಗಾಗಿ ಮನೋವೈದ್ಯರ ಬಳಿಗೂ ಕಳುಹಿಸಿದೆ.

ಮೊದಲೆರಡು ಭೇಟಿಗಳಲ್ಲಿ ನಾನು ಇದನ್ನು ಸೋಲಿನ ಅವಮಾನವೆಂದೇ ಗ್ರಹಿಸಿದೆ. ಹಾಗೆ ಗ್ರಹಿಸಲು ಕಾರಣಗಳೂ ಇದ್ದವು. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಗಿರೀಶ್ ಕಾಸರವಳ್ಳಿಯವರು ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತು, 1977ರ ತಮ್ಮ ಮೊದಲ ಕಥಾಚಿತ್ರಕ್ಕೇ ಸ್ವರ್ಣಕಮಲ ತಂದರೆಂಬ ಮಾತನ್ನು ನೆಂಟರಿಷ್ಟರು ಆತನ ಮುಂದೆ ಎಷ್ಟು ಸಲ ಆಡಿದ್ದರೋ ಲೆಕ್ಕವಿಲ್ಲ. ಹೆಗ್ಗೋಡಿನ ನೀನಾಸಮ್ 1973ರಲ್ಲಿ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿದ ನೆಲ ಇದು. ಇಂಥ ಕಡೆಯಿಂದ ಹೋದ ಹುಡುಗನ ಮೊದಲ ಅಭ್ಯಾಸಚಿತ್ರದ ಮೇಲೆ ಇಡೀ ಮಲೆನಾಡಿನ ಭಾರ ಕೂರುತ್ತದೆ. ಕಾಸರವಳ್ಳಿಯವರು ಕೂಡ ಮೊದಲು ಫಾರ್ಮಸಿ ಓದಿ, ಆಮೇಲೆ ಪುಣೆಗೆ ಹೋಗಿ ವರ್ಷಗಟ್ಟಲೆ ಕಲಿತ ನಂತರವೇ ಕಥಾಚಿತ್ರಕ್ಕೆ ಕೈಹಾಕಿದ್ದು ಎಂಬುದನ್ನು ನೆನಪಿಸಿದೆ. ದಿನವೂ ಒಂದೇ ಹೊತ್ತಿಗೆ ಏಳಬೇಕು, ಬೆಳಿಗ್ಗೆ ತಂದೆಯೊಂದಿಗೆ ಒಂದು ಗಂಟೆ ತೋಟದ ಕೆಲಸ ಮಾಡಬೇಕು, ಎರಡು ದಿನಕ್ಕೊಮ್ಮೆ ಹತ್ತು ನಿಮಿಷವಾದರೂ ಲ್ಯಾಪ್‌ಟಾಪ್ ತೆರೆದು ಆ ಫೈಲುಗಳನ್ನು ನೋಡಬೇಕು ಎಂದು ಒಂದು ಕ್ರಮ ಹಾಕಿಕೊಟ್ಟೆ. ಏಳುವುದು, ತೋಟಕ್ಕೆ ಹೋಗುವುದು ನಡೆಯಿತು. ಲ್ಯಾಪ್‌ಟಾಪ್ ಮುಚ್ಚಿಯೇ ಇತ್ತು.

ಮೂರನೆಯ ಭೇಟಿಯಲ್ಲಿ, ಶಬ್ದದ ತೊಂದರೆಯನ್ನು ಸಿನಿಮಾ ಗೊತ್ತಿಲ್ಲದ ನನಗೆ ತಿಳಿಯುವಂತೆ ಹೇಳಿಕೊಡಿ ಎಂದು ಕೇಳಿದೆ. ಆತ ಮುಂದಕ್ಕೆ ಬಾಗಿ ಕುಳಿತ. “ಮೈಕು ಬಾಯಿಗೆ ಎಷ್ಟು ಹತ್ತಿರ ಇದೆಯೋ ಅದೇ ಮುಖ್ಯ ಮೇಡಂ. ಅಂತರ ಅರ್ಧ ಆದಾಗೆಲ್ಲ ದನಿ ಸುಮಾರು 6 ಡೆಸಿಬೆಲ್ ಏರುತ್ತೆ, ಮಳೆ ಸದ್ದು ಅಷ್ಟೇ ಇರುತ್ತೆ. ಎಂಟಡಿ ಇದ್ದದ್ದನ್ನ ಒಂದಡಿಗೆ ತಂದಿದ್ರೆ ಮೂರು ಸಲ ಅರ್ಧ, 18 ಡೆಸಿಬೆಲ್ ಸಿಗ್ತಿತ್ತು. ಸೆರಗಿಗೆ ಒಂದು ಕಾಲರ್ ಮೈಕ್ ಸಿಕ್ಕಿಸಿದ್ರೆ ಮುಗೀತಿತ್ತು” ಎಂದ. ಆ ಹೊತ್ತು ಆತನ ದನಿ ನಡುಗಲಿಲ್ಲ, ಕಣ್ಣು ತಪ್ಪಿಸಲಿಲ್ಲ. ತನ್ನನ್ನು ಕಂಗೆಡಿಸಿದ ಸೋಲಿನ ಬಗ್ಗೆ ಮನುಷ್ಯ ಹೀಗೆ ಮಾತನಾಡುವುದಿಲ್ಲ. ಹಾಗಾದರೆ ಆ ದಿನ ಎಲ್ಲರೂ ಶಬ್ದವನ್ನೇ ಬೈದರೇ, ಏನನ್ನಾದರೂ ಮೆಚ್ಚಿದರೇ ಎಂದು ಕೇಳಿದೆ. ಆತ ಬಹಳ ಹೊತ್ತು ಸುಮ್ಮನಿದ್ದು, “ಆ ಶಾಟ್ ಮೆಚ್ಚಿದ್ರು” ಎಂದ.

ಅಜ್ಜಿ ಅಡಕತ್ತರಿ ಹಿಡಿದು ಅಡಿಕೆ ಕತ್ತರಿಸುತ್ತ ಊರು ಬಿಟ್ಟ ದಿನದ ಬಗ್ಗೆ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ, ಮನೆಯಲ್ಲಿ ಯಾರಿಗೂ ಎಂದೂ ಹೇಳದಿದ್ದ ಒಂದು ಮಾತು ಬಾಯಿಂದ ಬಂದುಬಿಟ್ಟಿತು. ಬಂದದ್ದು ಅರಿವಾದೊಡನೆ ಅಡಕತ್ತರಿಯನ್ನು ಕೆಳಗಿಟ್ಟು, “ಸಾಕು ಮಗಾ, ಅದನ್ನ ನಿಲ್ಸು” ಎಂದರು. ಆತ ಅಜ್ಜಿಯ ಕಡೆ ತಲೆಯಾಡಿಸಿದ. ತಲೆಯಾಡಿಸುತ್ತಲೇ, ತೊಡೆಯ ಪಕ್ಕದಲ್ಲಿ, ಕ್ಯಾಮೆರಾ ಹಿಡಿದಿದ್ದ ಗೆಳೆಯನಿಗೆ ಮಾತ್ರ ಕಾಣುವಂತೆ ತೋರುಬೆರಳನ್ನು ಸಣ್ಣಗೆ ಸುತ್ತಿಸಿದ: ಓಡಲಿ, ನಿಲ್ಲಿಸಬೇಡ. ನಿಂತಿತೆಂದು ತಿಳಿದ ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಚಿತ್ರದಲ್ಲಿ ಎಲ್ಲರೂ ಮೆಚ್ಚಿದ್ದು ಆ ನಲವತ್ತು ಸೆಕೆಂಡುಗಳನ್ನು. ಇದನ್ನು ಹೇಳುವಾಗ ಆತ ತನಗೆ ಗೊತ್ತಿಲ್ಲದೆಯೇ ನನ್ನೆದುರು ಅದೇ ಬೆರಳನ್ನು ಸುತ್ತಿಸಿದ. ನೋಡಿಕೊಂಡು, ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ.

ಊರಿಗೆ ಬಂದಾಗಿನಿಂದ ಅಜ್ಜಿ ಜಗಲಿಯಲ್ಲಿದ್ದರೆ ತಾನು ಹಿತ್ತಿಲ ಬಾಗಿಲಿನಿಂದ ಓಡಾಡುತ್ತಿರುವುದನ್ನೂ ಆಗ ಹೇಳಿದ. ಮೊಮ್ಮಗನಿಗೆ ದೃಷ್ಟಿಯಾಗಿದೆಯೆಂದು ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರಂತೆ.

ಇಲ್ಲಿ ಎರಡು ನೋವುಗಳು ಒಂದೇ ಹೆಸರಿನಲ್ಲಿ ಕೂತಿದ್ದವು. ಒಂದು, ಕಸುಬು ಬಾರದ್ದರ ನಾಚಿಕೆ. ಇನ್ನೊಂದು, ತಿಳಿದೂ ತಿಳಿದೂ ಒಬ್ಬರಿಗೆ ಮಾಡಿದ ತಪ್ಪಿನ ಅರಿವು. ಎರಡನೆಯದನ್ನು ಬಾಯಿಬಿಟ್ಟು ಹೇಳಲು ಧೈರ್ಯವಿಲ್ಲದೆ ಆತ ಅದಷ್ಟನ್ನೂ ಮೊದಲನೆಯದರ ಮೇಲೆ ಹೇರಿದ್ದ. ಹಾಗಾಗಿ ‘ಸೌಂಡ್ ಹಾಳಾಯ್ತು’ ಎಂಬ ಮಾತಿಗೆ ಅಷ್ಟು ಭಾರ ಬಂದಿತ್ತು. ನಾನೂ ಎರಡು ಭೇಟಿ ಆ ನಾಚಿಕೆಗೇ ಮದ್ದು ಕೊಟ್ಟಿದ್ದೆ. ನಾಚಿಕೆಗೆ ಸಮಾಧಾನ ಹೇಳಬಹುದು. ತಪ್ಪಿನ ಅರಿವಿಗೆ ಸಮಾಧಾನ ಹೇಳಹೊರಟರೆ ಅದು ಇನ್ನೂ ಒಳಗೆ ಹೋಗಿ ಕೂರುತ್ತದೆ. “ಹೋಗಲಿ ಬಿಡಿ, ಎಲ್ಲ ನಿರ್ದೇಶಕರೂ ಹೀಗೆ ಮಾಡುತ್ತಾರೆ” ಎಂದು ನಾನು ಹೇಳಬಹುದಿತ್ತು, ಹೇಳಲಿಲ್ಲ. ಕಾಲೇಜಿನ ನಿಯಮದಂತೆ ಅಜ್ಜಿಯ ಸಹಿ ಮಾಡಿಸಿದ ಒಪ್ಪಿಗೆ ಪತ್ರ ಇದೆ ಎಂದು ಆತ ಸಣ್ಣ ದನಿಯಲ್ಲಿ ಹೇಳಿದಾಗ, ಬೆಳಿಗ್ಗೆ ಹಾಕಿದ ಸಹಿ ಮಧ್ಯಾಹ್ನ ‘ನಿಲ್ಸು’ ಎಂದ ಬಾಯನ್ನು ಮುಚ್ಚಿಸುವುದಿಲ್ಲ ಎಂದೆ. ಆತನೂ ಅದನ್ನು ಬಲ್ಲವನಾಗಿದ್ದರಿಂದಲೇ ನಿದ್ದೆ ಬಿಟ್ಟಿದ್ದ.

ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ‘ಗೊತ್ತಿಲ್ಲದೆ ಆದದ್ದು’, ಬಲಗಡೆ ‘ಗೊತ್ತಿದ್ದೂ ಮಾಡಿದ್ದು’ ಎಂದು ಬರೆದುಕೊಳ್ಳಲು ಹೇಳಿದೆ. ಎಡಗಡೆ ಹದಿನಾಲ್ಕು ಸಾಲುಗಳಾದವು: ಮೈಕು, ತಗಡು, ಮಾತಿಲ್ಲದ ಹೊತ್ತಿನ ಜಗಲಿಯ ಸದ್ದನ್ನು ಅರ್ಧ ನಿಮಿಷವಾದರೂ ಪ್ರತ್ಯೇಕವಾಗಿ ದಾಖಲಿಸಿಕೊಳ್ಳದಿದ್ದದ್ದು, ತೇವಕ್ಕೆ ಲೆನ್ಸ್ ಮಂಜಾದದ್ದು, ಹೀಗೆ. ಬಲಗಡೆ ಒಂದೇ ಸಾಲು. ಎಡಗಡೆಯದನ್ನೆಲ್ಲ ಕಲಿಯಬೇಕು, ಅದಕ್ಕೆ ಯಾರ ಕ್ಷಮೆಯೂ ಬೇಕಿಲ್ಲ. ಬಲಗಡೆಯದನ್ನು ಹೇಳಬೇಕಾದವರಿಗೆ ಹೇಳಬೇಕು, ಅದಕ್ಕೆ ಯಾವ ಕಲಿಕೆಯೂ ಬದಲಿಯಲ್ಲ ಎಂಬುದು ನನ್ನ ಸಲಹೆಯ ತಿರುಳಾಗಿತ್ತು.

ಎಡಗಡೆಯ ಹಾಳೆಯನ್ನು ತಂದೆಗೆ ತೋರಿಸಲು ಆತ ಒಪ್ಪಿದ. ತಂದೆ ಒಂದೊಂದೇ ಸಾಲು ಓದಿ, “ತಗಡಿನ ಮೇಲೆ ನಾಲ್ಕು ಹೊರೆ ಸೋಗೆ ಹಾಸಿದ್ರೆ ಆಗ್ತಿತ್ತಲ್ಲೋ, ಕೇಳ್ಬಾರ್ದಿತ್ತಾ?” ಎಂದರು. ಮಗ ಮೂರು ತಿಂಗಳಲ್ಲಿ ಮೊದಲ ಬಾರಿಗೆ ನಕ್ಕದ್ದು ಆಗ.

ಅಜ್ಜಿಗೆ ಹೇಳುವುದರ ತಯಾರಿಗೆ ಎರಡು ಭೇಟಿಗಳು ಹಿಡಿದವು. ಒಬ್ಬನೇ ಹೋಗಬೇಕು, ಫೋನು ಕೋಣೆಯಲ್ಲಿರಲಿ. ಚಿತ್ರ ತೋರಿಸುವುದಕ್ಕಿಂತ ಮೊದಲು ಮಾತು ಮುಗಿಯಬೇಕು. ‘ನಿಲ್ಸು ಅಂದೆ, ನಾನು ನಿಲ್ಲಿಸಲಿಲ್ಲ, ಇಷ್ಟು ಜನ ನೋಡಿದ್ದಾರೆ’ ಎಂಬ ಮೂರು ಸಂಗತಿಗಳನ್ನು ‘ಆದರೆ’ ಎಂಬ ಪದವಿಲ್ಲದೆ ಹೇಳಬೇಕು. ತನ್ನ ಸಂಕಟದ ಕಥೆಯನ್ನು ಅಲ್ಲಿ ಹೇಳಬಾರದು, ಹೇಳಿದರೆ ಅಜ್ಜಿ ತಮ್ಮ ನೋವನ್ನು ಬದಿಗಿಟ್ಟು ಮೊಮ್ಮಗನ ಕಣ್ಣೊರೆಸಲು ನಿಲ್ಲುತ್ತಾರೆ. ‘ಕ್ಷಮಿಸಿದೆ’ ಎಂದು ಹೇಳಿಸಿಕೊಳ್ಳುವ ಆತುರ ಬೇಡ. ಏನು ಮಾಡಲಿ ಎಂದು ಕೇಳಿ, ಚಿತ್ರವನ್ನೇ ಅಳಿಸು ಎಂದರೂ ಅಳಿಸಲು ಮನಸ್ಸು ಗಟ್ಟಿಮಾಡಿಕೊಂಡೇ ಹೋಗಬೇಕು. ಈ ಕೊನೆಯದಕ್ಕೆ ಆತ ಒಂದು ವಾರ ಕಾಲಾವಕಾಶ ಕೇಳಿದ, ನಾನು ಅವಸರಪಡಿಸಲಿಲ್ಲ.

ಹೇಳಿದ ದಿನ ಅಜ್ಜಿ ಕೇಳಿದ್ದು ಇಷ್ಟೇ: “ಎಷ್ಟು ಜನ?” ಸುಮಾರು ಮೂವತ್ತು ಎಂದ. ಅಜ್ಜಿ ಎದ್ದು ಹೋದರು, ಎರಡು ದಿನ ಮಾತನಾಡಿಸಲಿಲ್ಲ. ಆ ಎರಡು ರಾತ್ರಿಯೂ ಆತ ನನಗೆ ಕರೆ ಮಾಡಿದ. ಮತ್ತೆ ಹೋಗಿ ಕಾಲು ಹಿಡಿಯಬೇಡಿ, ಸಿಟ್ಟು ಮಾಡಿಕೊಳ್ಳುವುದಕ್ಕೆ ಅವರಿಗೂ ಹೊತ್ತು ಬೇಕು, ಈಗ ಹಿತ್ತಿಲ ಬಾಗಿಲನ್ನು ಮಾತ್ರ ಬಳಸಬೇಡಿ ಎಂದೆ. ಮೂರನೆಯ ದಿನ ಅಜ್ಜಿಯೇ, ಅದನ್ನು ತಾನು ನೋಡಬೇಕು ಎಂದರು. ನಾಲ್ಕು ತಿಂಗಳ ನಂತರ ಲ್ಯಾಪ್‌ಟಾಪ್ ತೆರೆಯಿತು. ಹನ್ನೊಂದು ನಿಮಿಷವೂ ನೋಡಿ, ಮತ್ತೊಮ್ಮೆ ಹಾಕಿಸಿ, ಪರದೆಯ ಮೇಲೆ ಬೆರಳಿಟ್ಟು, “ಅಡಕತ್ತರಿ ಕೆಳಗಿಡೋವರೆಗೂ ಇರಲಿ. ಆ ಮಾತೂ ಬೇಡ, ಆಮೇಲಿಂದೂ ಬೇಡ” ಎಂದರು. ಹಿಂದಿನ ಮಾತನ್ನು ಆತ ಆಡಿಯೊದಿಂದ ತೆಗೆದು, ಅಲ್ಲಿ ಮಳೆಯನ್ನಷ್ಟೇ ಉಳಿಸಿದ. ಅಡಕತ್ತರಿ ನೆಲಕ್ಕೆ ತಾಗಿದಲ್ಲಿಗೆ ಶಾಟ್ ಕತ್ತರಿಸಿದ. ಕಾಲೇಜಿನಲ್ಲಿದ್ದ ಹಳೆಯ ಪ್ರತಿಯನ್ನು ಅಳಿಸುವಂತೆ ಕೋರಿ ಪತ್ರ ಬರೆದ; ಅವರು ಅಳಿಸಿದರು. ಆ ಮೂವತ್ತು ಜನರ ನೆನಪಿನಿಂದ ಅದನ್ನು ಅಳಿಸಲಾಗದು ಎಂಬುದು ಆತನಿಗೆ ಗೊತ್ತಿದೆ, ಅಜ್ಜಿಗೂ ಗೊತ್ತಿದೆ. ಆ ವಿಷಯದಲ್ಲಿ ಅವರಿಗೆ ಹೇಳಲು ನನ್ನ ಬಳಿ ಯಾವ ಸಲಹೆಯೂ ಇರಲಿಲ್ಲ.

ಜನವರಿಯಲ್ಲಿ ಆತ ಕಾಲೇಜಿಗೆ ಮರಳಿದ. ಪಿಎಚ್‌ಕ್ಯೂ-9ರ ಅಂಕ 6ಕ್ಕೆ ಇಳಿದಿದೆ, ನಿದ್ದೆ ಇನ್ನೂ ವಾರದಲ್ಲಿ ಒಂದೆರಡು ದಿನ ತಪ್ಪುತ್ತದೆ. ಹೊಸ ಪ್ರತಿಯನ್ನು ನೋಡಿದ ಅಧ್ಯಾಪಕರು ಹಳೆಯದೇ ಗಟ್ಟಿಯಾಗಿತ್ತು ಎಂದರಂತೆ. “ಇರಬಹುದು ಸರ್” ಎಂದಷ್ಟೇ ಹೇಳಿ ಬಂದೆ ಎಂದು ಫೋನಿನಲ್ಲಿ ತಿಳಿಸಿದ. ಬೆರಳಿನ ಸನ್ನೆಗೆ ಕ್ಯಾಮೆರಾ ಓಡಿಸಿದ ಗೆಳೆಯನೊಂದಿಗೆ ಇನ್ನೂ ಈ ಮಾತು ಆಡಿಲ್ಲ. ಆ ಗೆಳೆಯನಿಗೂ ಇದು ಒಳಗೊಳಗೆ ಕೊರೆಯುತ್ತಿರಬಹುದೇ ಎಂದು ಆತ ಕಳೆದ ಭೇಟಿಯಲ್ಲಿ ನನ್ನನ್ನು ಕೇಳಿದ. ಅದನ್ನು ಅವರನ್ನೇ ಕೇಳಿ ನೋಡಿ ಎಂದಿದ್ದೇನೆ. ಮುಂದಿನ ಭೇಟಿ ಶಿವರಾತ್ರಿ ಕಳೆದ ಮೇಲೆ.