ಎಡಗಾಲು ಧಾರವಾಡಕ್ಕ, ಬಲಗಾಲು ಗದಗಕ್ಕ
ಕತ್ತರಿ ಮಾತು: ಓದುಗರ ಪ್ರಶ್ನೆ, ಟೇಲರ್ ಮಾಸ್ತರರ ಉತ್ತರ

(ಹುಬ್ಬಳ್ಳಿಯ ದಾಜಿಬಾನಪೇಟೆಯ ಹಿಂದಿನ ಗಲ್ಲಿಯಲ್ಲಿ ನಲವತ್ತು ವರ್ಷದಿಂದ ಮಷಿನ್ ತುಳಿಯುತ್ತಿರುವ ಮಾಸ್ತರರು ತಮ್ಮ ಮಾತಿನಲ್ಲೇ ಉತ್ತರಿಸುತ್ತಾರೆ.)

ಪ್ರಶ್ನೆ: ಮಾಸ್ತರ, ನನ್ನ ಮಗ ಜರ್ಮನಿಯಲ್ಲಿದ್ದಾನೆ. ಅಲ್ಲಿನ ಗೆಳೆಯನ ಮದುವೆ ಬೆಳಿಗ್ಗೆ 11ಕ್ಕೆ. ಗಂಡಿನ ಕಡೆಯವರು 'ಶ್ಟ್ರೇಸೆಮನ್' ಹಾಕಬೇಕಂತೆ. ಕರಿ ಕೋಟು, ಗೆರೆ ಪ್ಯಾಂಟಿನ ಫೋಟೋ ಕಳಿಸಿದ್ದಾನೆ. ಅಲ್ಲಿ ಹೊಲಿಸಿದರೆ ಕೈ ಸುಡುತ್ತದೆ, ಊರಿಗೆ ಬಂದಾಗ ಇಲ್ಲೇ ಹೊಲಿಸೋಣ ಎನ್ನುತ್ತಾನೆ. ಆಗುತ್ತದೆಯೇ? ನೋಡಿದರೆ ನಮ್ಮ ವಕೀಲರ ವೇಷದ ಹಾಗೇ ಇದೆ. (ಗದಗ-ಬೆಟಗೇರಿಯ ಓದುಗರು)

ಉತ್ತರ: ಆಗತೈತ್ರಿ. ವಕೀಲರ ವೇಷದ ಹಂಗ ಐತಿ ಅಂದ್ರಲ್ಲ, ಅರ್ಧಾ ಉತ್ತರ ನೀವ ಹೇಳಿಬಿಟ್ರಿ. ಬಾರ್ ಕೌನ್ಸಿಲ್ ನಿಯಮದಾಗ ವಕೀಲರ ಪ್ಯಾಂಟು ಬಿಳೀದು, ಕರೀದು, ಗೆರೀದು ಇಲ್ಲಾ ಬೂದಿ ಬಣ್ಣದ್ದು ಇರಬಹುದು ಅಂತ ಐತಿ. ಆ ಗೆರಿ ಪ್ಯಾಂಟೂ ನಿಮ್ಮ ಮಗನ ಫೋಟೋದಾಗಿನ ಪ್ಯಾಂಟೂ ಒಂದ ಮನಿತನದವು. 2008ರಾಗ ಧಾರವಾಡಕ್ಕ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಾಗ ಅದು ಕಾಯಂ ಆತು. ಅವಾಗಿಂದ ನನ್ನ ಅಂಗಡ್ಯಾಗ ಗೆರಿ ಬಟ್ಟಿ ಇಲ್ಲದ ದಿನ ಇಲ್ಲ.

ವಿಲಾಯ್ತ್ಯಾಗ ಹಗಲಿನ ದೊಡ್ಡ ಕಾರ್ಯಕ್ಕ ಹಿಂದ ಬಾಲ ಇಳಿಬಿಟ್ಟ ಮಾರ್ನಿಂಗ್ ಕೋಟ್ ಹಾಕ್ತಾರ. ಆ ಕೋಟು ತಗದಿಟ್ಟು ಸಾದಾ ಗಿಡ್ಡ ಕೋಟು ಹಾಕ್ಕೊಂಡು, ಕೆಳಗಿನ ಗೆರಿ ಪ್ಯಾಂಟು ಹಂಗ ಬಿಟ್ರ ಅದ ಈ ಉಡುಪು. ಅಮೆರಿಕಾದವರು ಇದಕ್ಕ ಸ್ಟ್ರೋಲರ್ ಅಂತಾರ, ಇಂಗ್ಲಂಡಿನವರು ಬ್ಲ್ಯಾಕ್ ಲೌಂಜ್. ಜರ್ಮನಿಯವರು ಮಾತ್ರ ತಮ್ಮ ಮಂತ್ರಿ ಹೆಸರು ಇಟ್ಟಾರ. ಗುಸ್ಟಾವ್ ಶ್ಟ್ರೇಸೆಮನ್ ಅಂತ, 1923ರಿಂದ 1929ರಾಗ ತೀರಿಕೊಳ್ಳೋತನಕ ವಿದೇಶಾಂಗ ಮಂತ್ರಿ ಇದ್ದವರು, 1926ರ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡವರು. ಕಚೇರ್ಯಾಗ ಗಿಡ್ಡ ಕೋಟು, ಸಭಾಕ್ಕ ಬಾಲದ ಕೋಟು, ಪ್ಯಾಂಟು ಮಾತ್ರ ಎರಡಕ್ಕೂ ಒಂದ ಅಂತ ಅವರ ಕಥಿ ಹೇಳ್ತಾರ. ನನಗಂತೂ ಖರೇ ಅನಸ್ತೈತಿ. ದಿನಕ್ಕ ಎರಡು ಸರ್ತಿ ಪ್ಯಾಂಟು ಬಿಚ್ಚಿ ಹಾಕೋ ತಾಳ್ಮಿ ಯಾವ ಗಂಡಸಿಗೈತಿ? 1981ರಾಗ ಅಮೆರಿಕಾದ ಅಧ್ಯಕ್ಷ ರೇಗನ್ ಪ್ರಮಾಣವಚನಕ್ಕ ಹಾಕ್ಕೊಂಡಿದ್ದೂ ಇದನ್ನ.

ಈಗ ಹೊಲಿಯೋ ಮಾತು. ಕೋಟು ಕರೀದು ಇಲ್ಲಾ ಕಡು ಬೂದಿ, ಸಾದಾ. ಮೈತುಂಬ ಅಳತಿಗೆ ಕುಂದ್ರಬೇಕು. ನಿಮ್ಮ ಮಗನ ಹತ್ರ ಕಡು ಬೂದಿ ಸೂಟು ಇದ್ರ, ಅದರ ಕೋಟ ಸಾಕು, ಹೊಸದು ಬ್ಯಾಡ. ಆದ್ರ ಆ ಸೂಟಿನ ಪ್ಯಾಂಟು ಜೋಡಿ ಮಾಡಿದ್ರ ಕಥಿ ಮುಗೀತು. ಈ ಉಡುಪಿನ ಮರ್ಮಾನ ಅದು, ಮ್ಯಾಲಿಂದು ಬ್ಯಾರೆ, ಕೆಳಗಿಂದು ಬ್ಯಾರೆ. ಇನ್ನೊಂದು, ಕೋಟಿನ ಎದಿ ಮ್ಯಾಲಿನ ಮಡಿಕಿಗೆ ಸ್ಯಾಟಿನ್ ಹಚ್ಚಿಸಬ್ಯಾಡ್ರಿ. ಈಗಿನ ಹುಡುಗರು ಬಂದವರ 'ಮಾಸ್ತರ, ಸ್ವಲ್ಪ ಮಿಂಚಬೇಕು' ಅಂತಾರ. ಮಿಂಚೋದು ರಾತ್ರಿ ಊಟದ ಕೋಟು. ಇದು ಹಗಲಿಂದು, ಸಂಜಿ ಆರಾದ್ರ ಗೂಟಕ್ಕ. ನಮ್ಮ ಕಡೆ ಮಾತ್ರ ಬೆಳಿಗ್ಗೆ ಹತ್ತೂವರಿ ಅಕ್ಕಿಕಾಳಿಗೂ ರಾತ್ರಿ ರಿಸೆಪ್ಶನ್‌ಗೂ ಅದ ಜರಿ ಶೇರವಾನಿ. ಬಿಸಲಾಗ ನಿಂತ ವರಾ ನೋಡಿದ್ರ ಕಣ್ಣು ಕುಕ್ಕತಾವ.

ಒಳಗ ತೋಳಿಲ್ಲದ ಬೂದಿ ಜಾಕೀಟು, ಬಿಳಿ ಅಂಗಿ, ಬೆಳ್ಳಿ ಬಣ್ಣದ ಉದ್ದ ಟೈ (ಬೋ ಅಲ್ಲ), ಕರಿ ಲೇಸಿನ ಬೂಟು. ಇಷ್ಟ.

ಪ್ಯಾಂಟಿನ ಮಾತು ಇಷ್ಟರಾಗ ಮುಗಿಯಂಗಿಲ್ಲ. ನಾನು ಕಾಜಾ ಹಾಕೋ ಹುಡುಗ ಇದ್ದಾಗಿನ ಮಾತು. ಗುರುಗಳು ಊರಿಗೆ ಹೋಗಿದ್ರು, ಒಬ್ಬರು ಹಿರೀ ವಕೀಲರ ಗೆರಿ ಬಟ್ಟಿ ಮೇಜಿನ ಮ್ಯಾಲ ಇತ್ತು. ದೊಡ್ಡಸ್ತನ ತೋರಸಾಕ ಹೋಗಿ ನಾನ ಕತ್ತರಿ ಹಾಕಿದೆ. ಬಟ್ಟಿ ಉಳಸಬೇಕಂತ ಒಂದು ಕಾಲಿನ ತುಂಡು ಸ್ವಲ್ಪ ವಾರಿ ಮಾಡಿ ಕತ್ತರಿಸಿದ್ದೆ, ಬಾಳ ಅಂದ್ರ ಅರ್ಧಾ ಇಂಚು. ವಕೀಲರು ಹಾಕ್ಕೊಂಡು ಕನ್ನಡಿ ಮುಂದ ನಿಂತ್ರು. ಬೈಲಿಲ್ಲ. "ತಮ್ಮಾ, ಎಡಗಾಲು ಧಾರವಾಡಕ್ಕ ಹೊಂಟೈತಿ, ಬಲಗಾಲು ಗದಗಕ್ಕ. ನಾ ಯಾವ ಬಸ್ ಹತ್ತಲಿ?" ಅಂದ್ರು. ಆ ಬಟ್ಟಿ ರೊಕ್ಕ ನನ್ನ ಪಗಾರದಾಗ ಮೂರು ತಿಂಗಳು ಕಡಿದ್ರು.

ಅದಕ್ಕ ಹೇಳ್ತೀನಿ. ಇಸ್ತ್ರಿ ಗೆರಿ ಒಂದ ಪಟ್ಟಿ ಮ್ಯಾಲ ತೊಡಿಯಿಂದ ಬೂಟಿನ ತನಕ ಬೀಳಬೇಕು, ಪಕ್ಕದ ಪಟ್ಟಿ ಮ್ಯಾಲ ಜಿಗೀಬಾರದು. ಎರಡೂ ಕಾಲು ಒಂದಕ್ಕೊಂದು ಕನ್ನಡಿ ಹಿಡಿದಂಗ ಇರಬೇಕು. 58 ಇಂಚಿನ ಬಟ್ಟಿ ಆದ್ರ ಸಾದಾ ಪ್ಯಾಂಟಿಗೆ 1.30 ಮೀಟರ್ ಸಾಕು, ಗೆರೀದಕ್ಕ 1.40 ತಗೊಳ್ರಿ, ಆ ಹತ್ತು ಸೆಂಟಿಮೀಟರ್ ಗೆರಿ ಕೂಡಸಾಕ ಬೇಕು. ಕೆಳಗ ಮಡಿಕಿ ಬ್ಯಾಡ. ಸೊಂಟ ಮಾತ್ರ ಎತ್ತರ ಇರಲಿ, ಈಗಿನ ಹುಡುಗರಂಗ ಕುಂಡಿ ಮ್ಯಾಲ ನಿಂತ್ರ ಜಾಕೀಟಿನ ಕೆಳಗ ಬಿಳಿ ಅಂಗಿ ಹಣಿಕಿ ಹಾಕತೈತಿ. ಗೆರಿ ಸಣ್ಣವಿರಲಿ, ಬೂದಿ-ಕರಿ. ದಪ್ಪ ಗೆರಿ ಆತಂದ್ರ ನಮ್ಮ ಅಜ್ಜಾರ ಪಟ್ಟಾಪಟ್ಟಿ ಚಡ್ಡಿ ಜರ್ಮನಿಗೆ ಹೋದಂಗ. ಮಗ ಟ್ರಯಲ್‌ಗೆ ಬರೋ ಮುಂದ ಅದ ಬೂಟು ಹಾಕ್ಕೊಂಡು ಬರಲಿ. ಚಪ್ಪಲಿ ಮ್ಯಾಲ ಅಳತಿ ಕೊಟ್ರ ಪ್ಯಾಂಟು ಗಿಡ್ಡ ಆಗತೈತಿ.

ಪ್ರಶ್ನೆ: ನಾನು ಧಾರವಾಡದಲ್ಲಿ ಹೊಸ ವಕೀಲ. ಸೀನಿಯರ್ ಮಗಳ ಮದುವೆ ಊಟಕ್ಕೆ ಕೋರ್ಟಿನಿಂದಲೇ ಹೋಗಬೇಕು. ಅದೇ ಕೋಟು, ಗೆರೆ ಪ್ಯಾಂಟಿನಲ್ಲಿ ಹೋಗಬಹುದೇ?

ಉತ್ತರ: ಹೋಗ್ರಿ ಸಾಹೇಬ್ರ. ಗೌನು, ಕುತ್ತಿಗಿಯ ಬಿಳಿ ಬ್ಯಾಂಡ್ ಎರಡೂ ಬ್ಯಾಗಿನ್ಯಾಗ ಇಡ್ರಿ, ಕೋರ್ಟಿನ ಹೊರಗ ಮಂದ್ಯಾಗ ಹಾಕ್ಕೋಬಾರದಂತ ನಿಮ್ಮ ನಿಯಮನ ಹೇಳತೈತಿ. ಬ್ಯಾಂಡಿನ ಜಾಗಾದಾಗ ಬೂದಿ ಟೈ ಕಟ್ರಿ. ಗದಗದವರು ಜರ್ಮನಿಗೆ ಹೊಲಸೋ ಉಡುಪು ನಿಮ್ಮ ಮೈಮ್ಯಾಲ ಪುಕ್ಕಟ ಬಂತು. ಹೋಗೋ ಮುಂದ ಕೋಟಿನ ಮೊಣಕೈ ಬೆಳಕಿಗೆ ಹಿಡಿದು ನೋಡ್ರಿ. ಟೇಬಲ್ಲಿಗೆ ಊರಿ ಊರಿ ಅಲ್ಲಿ ಎಣ್ಣಿ ಹಚ್ಚಿದಂಗ ಹೊಳೀತಿದ್ರ ಆ ಕೋಟು ಕೋರ್ಟಿಗಷ್ಟ, ಮದಿವಿಗೆ ಬ್ಯಾಡ. ಎಷ್ಟು ಇಸ್ತ್ರಿ ತಿಕ್ಕಿದ್ರೂ ಹೋಗಂಗಿಲ್ಲ, ಜಾಸ್ತಿ ಆಗತೈತಿ.

ಪ್ರಶ್ನೆ: ಹಾವೇರಿಯಲ್ಲಿ ಏಪ್ರಿಲ್ ತಿಂಗಳು ಮಧ್ಯಾಹ್ನ 12ಕ್ಕೆ ನನಗೆ ಸತ್ಕಾರ ಇಟ್ಟಿದ್ದಾರೆ. ವಯಸ್ಸು 68, ಧೋತರ ರೂಢಿ. ಮಗ ಸೂಟು ಹೊಲಿಸು ಎನ್ನುತ್ತಾನೆ.

ಉತ್ತರ: ಕಾಕಾರ, ಮಗಗ ನನ್ನ ಹೆಸರು ಹೇಳ್ರಿ, ಸೂಟು ಬ್ಯಾಡ. ಅದ ವಕೀಲರ ನಿಯಮದಾಗ ಧೋತರಕ್ಕೂ ಜಾಗಾ ಐತಿ, ಅಂದಮ್ಯಾಲ ಸತ್ಕಾರಕ್ಕ ಯಾಕಿಲ್ಲ? ಬಿಳಿ ಧೋತರದ ಮ್ಯಾಲ ಖಾದಿದೊಂದು ಬೂದಿ ಕ್ಲೋಸ್ ಕಾಲರ್ ಕೋಟು ಹೊಲಸ್ರಿ. ಬೆನ್ನಿಗೆ ಪೂರ್ತಿ ಅಸ್ತರ ಹಾಕಸಬ್ಯಾಡ್ರಿ, ಹೆಗಲಿನ ತನಕ ಅರ್ಧಾ ಸಾಕು, ಗಾಳಿ ಆಡತೈತಿ. ಬಣ್ಣಾ ಭಾಳ ಕರೀದು ಬ್ಯಾಡ, ಬೆವರು ಒಣಗಿದ ಮ್ಯಾಲ ಬಿಳಿ ಉಪ್ಪಿನ ಗೆರಿ ಕಾಣತೈತಿ.

ಹಾವೇರ್ಯಾಗ ಸತ್ಕಾರ ಅಂದ್ರ ಏಲಕ್ಕಿ ಹಾರ ಬಂದ ಬರತೈತಿ. ಅದರ ಜರಿ ಖಾದಿ ಎಳಿಗೆ ಸಿಗತೈತಿ, ಅವಸರ ಮಾಡಿ ತಗದ್ರ ಎದಿ ಮ್ಯಾಲ ದಾರ ಎದ್ದು ನಿಲ್ಲತಾವ. ಕಿಸೆದಾಗ ಪೆನ್ನು ಇದ್ರ ಮೊದಲ ತಗದಿಡ್ರಿ. ಹಾರ ಹಾಕಸಿಕೊಳ್ಳೋ ಮುಂದ ಕುತ್ತಿಗಿ ಅಷ್ಟ ಬಗ್ಗಸ್ರಿ, ಹೆಗಲು ಬ್ಯಾಡ. ಹೆಗಲು ಬಗ್ಗಿದ್ರ ಕಾಲರ್ ಹಿಂದ ಎದ್ದು ಫೋಟೋದಾಗ ಕೋಟು ಯಾರದೋ ಎರವು ತಂದಂಗ ಕಾಣತೈತಿ, ಬೈಗಳ ಮಾತ್ರ ಟೇಲರಿಗೆ.